ಜಪ್ತಿಗೆ ಬಾರದ ಹೊಲಿಗೆ ಯಂತ್ರವನ್ನು ಕುರಿತು ಒಂದು ಅರಿಕೆ

ದಿವಾಳಿ ಕಚೇರಿಯ ಆಸ್ತಿಪಾಲಕರ ಸಮ್ಮುಖಕ್ಕೆ,

ಮಾನ್ಯರೇ,

ತಮಗೂ, ತಮ್ಮ ಗುಮಾಸ್ತರಿಗೂ, ಎರಡನೆಯ ಕೌಂಟರಿನ ಗಾಜಿಗೂ ನನ್ನ ನಮಸ್ಕಾರಗಳು. ಗಾಜನ್ನು ಬೇರೆಯಾಗಿ ಹೆಸರಿಸಲು ಕಾರಣವಿದೆ. ಮಾತಾಡಲೆಂದು ಅದರಲ್ಲಿ ಕೊರೆದಿರುವ ತೂತು ನನ್ನ ಎದೆಯ ಮಟ್ಟಕ್ಕಿದೆ. ಆದ್ದರಿಂದ ಅಲ್ಲಿಗೆ ಬಂದವರು, ಅಹವಾಲು ಎಂಥದೇ ಇರಲಿ, ಬಗ್ಗಿಯೇ ಹೇಳಬೇಕು. ನಾನು ಮೂರು ಸಲ ಬಗ್ಗಿದೆ. ಮೂರು ಸಲವೂ ಅಹವಾಲಿನ ಬದಲು ಪೆನ್ನು ಕೇಳಿ ಪಡೆದು, ಏನೋ ಬರೆಯಲು ಬಂದವಳಂತೆ ನಟಿಸಿ ಹಿಂದಿರುಗಿದೆ. 'ಸಾಹಿತ್ಯ ಓದಿದವಳಿಗೆ ಬಾಯಿ ಎಲ್ಲಿರುತ್ತೆ, ಕಾಗದದಲ್ಲೇ ಹೇಳು' ಎಂದು ಅಮ್ಮ ಹೇಳಿದ್ದರಿಂದ ಹೀಗೆ ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ತಮ್ಮ ಕಡತದಲ್ಲಿ ದಿವಾಳಿಯಾದವಳೆಂದು ನಮೂದಾಗಿರುವ ಹೆಂಗಸು ನನ್ನ ಅಮ್ಮ. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದವಳು. ಒಂದು ಶಾಲೆಯ ಮಾತು ನಂಬಿ, ಸಾಲ ತಂದು, ಆರುನೂರು ಬೂದು ಬಣ್ಣದ ಅಂಗಿ ಹೊಲಿದು ಮುಗಿಸಿದ ವಾರವೇ ಆ ಶಾಲೆಗೆ ಹಸಿರಿನ ಮೇಲೆ ಮನಸ್ಸಾಯಿತು. ಅಲ್ಲಿಂದ ತಮ್ಮ ಕಚೇರಿಯವರೆಗಿನ ದಾರಿ ತಮಗೆ ಗೊತ್ತೇ ಇದೆ. ಆ ಆರುನೂರು ಅಂಗಿಗಳು ಈಗ ತಮ್ಮ ಗೋದಾಮಿನಲ್ಲಿ ಇಲಿಗಳ ಸುಪರ್ದಿಯಲ್ಲಿವೆ ಎಂದು ಕೇಳಿ ನಿಶ್ಚಿಂತೆಯಾಗಿದ್ದೇವೆ.

ತಮ್ಮ ಗುಮಾಸ್ತರು ನಮ್ಮ ಮನೆಯ ನಡುವೆ ನಿಂತು ಜಪ್ತಿಗೆ ಬಾರದ ಸ್ವತ್ತುಗಳ ಪಟ್ಟಿಯನ್ನು ಓದಿದ ದಿನವನ್ನು ನಾನು ಮರೆಯಲಾರೆ. ಉಟ್ಟ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಕಸುಬಿಗೆ ಬೇಕಾದ ಹತ್ಯಾರು ಒಂದು. ಸಾಲ ಕೊಟ್ಟ ಹನ್ನೊಂದು ಮಂದಿಯಲ್ಲಿ ಯಾರೊಬ್ಬರೂ ಇವುಗಳ ಮೇಲೆ ಕೈಯಿಡುವಂತಿಲ್ಲ ಎಂದರು. ಅಷ್ಟು ಕರುಣೆಯುಳ್ಳ ಸಾಲುಗಳನ್ನು ನಾನು ಪಠ್ಯದಲ್ಲೂ ಓದಿರಲಿಲ್ಲ. ಹೋಗುವಾಗ ಹೊಲಿಗೆ ಯಂತ್ರದ ಮೇಲೆ 'ಯಾರೂ ಮುಟ್ಟತಕ್ಕದ್ದಲ್ಲ' ಎಂಬ ಹಳದಿ ಚೀಟಿ ಅಂಟಿಸಿದರು. ಅಮ್ಮ ಒಂಬತ್ತು ದಿನ ಆ ಯಂತ್ರವನ್ನು ಮುಟ್ಟಲಿಲ್ಲ. ಧೂಳನ್ನು ಸಹ ದೂರದಿಂದ ಊದಿದಳು. ಹತ್ತನೆಯ ದಿನ, 'ಯಾರೂ ಅಂದ್ರೆ ಅದರಲ್ಲಿ ನಾನೂ ಸೇರ್ತೀನೇನೇ? ಕೇಳ್ಕೊಂಡು ಬಾ' ಎಂದು ನನ್ನನ್ನು ಕಳಿಸಿದಳು. ನಾನು ಮೊದಲ ಸಲ ಬಗ್ಗಿದ್ದು ಇದಕ್ಕೆ. ಕೇಳಲಾಗದೆ ಬಂದು, ಕೇಳಿದವಳಂತೆ 'ನೀನು ಸೇರಲ್ವಂತೆ' ಎಂದೆ. ತಪ್ಪಿದ್ದರೆ ಮನ್ನಿಸಬೇಕು.

ಇನ್ನು ಅಪರಾಧದ ವಿಷಯ. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ನೋಟೀಸು ಕಳಿಸಿದರು. ಹನ್ನೊಂದನೆಯವರು ಅಂಗಿಗಳಿಗೆ ಕಾಜ ಹಾಕಿ ಗುಂಡಿ ಹೊಲಿಯುವವರು. ನಾನು ಅವರನ್ನು ಕಾಜಾ ಅಕ್ಕ ಎಂದೇ ಕರೆಯುವುದು. ಅವರಿಗೆ ಹತ್ತೊಂಬತ್ತು ತಿಂಗಳ ಕೂಲಿ ಬಾಕಿಯಿತ್ತು. ಅವರು ನೋಟೀಸು ಕಳಿಸುವ ಬದಲು ದಿನವೂ ಬೆಳಿಗ್ಗೆ ತಾವೇ ಬಂದು, ಕಿಟಕಿಯ ಪಕ್ಕ ಕುಳಿತು, ಸೂಜಿಯನ್ನು ಮೂಗಿನ ತುದಿಗೆ ತಂದುಕೊಂಡು ದಾರ ಪೋಣಿಸಿದರು. 'ಉಳಿದವರು ಕೊಟ್ಟಿದ್ದು ದುಡ್ಡು ಕಣೇ, ಇವಳು ಕೊಟ್ಟಿದ್ದು ಕಣ್ಣು' ಎಂದ ಅಮ್ಮ, ಅಳತೆ ಪುಸ್ತಕದಿಂದ ಹಾಳೆಯೊಂದನ್ನು ಹರಿದು, ಬಾಕಿ ಕೂಲಿಗೆ ಬದಲಾಗಿ ಯಂತ್ರವನ್ನು ಕೊಟ್ಟಿದ್ದೇನೆಂದು ಬರೆದು ರುಜು ಹಾಕಿದಳು. ಕಾಜಾ ಅಕ್ಕ ಹಿಗ್ಗಲಿಲ್ಲ. 'ತಲೆ ಕೆಟ್ಟಿದೆಯಾ ಅಕ್ಕಾ ನಿಮಗೆ? ನನ್ನ ಮನೇಲಿ ನಾನು ಮಲಗಿದ್ರೇ ಕಾಲು ಹೊಸಿಲು ದಾಟುತ್ತೆ. ಇದನ್ನೇನು ತಲೆ ಮೇಲೆ ಇಟ್ಕೊಳ್ಲಾ?' ಎಂದರು. 'ಎಲ್ಲಾದ್ರೂ ಇಟ್ಕೋ. ನಾನೇ ಬಂದು ತುಳೀತೀನಿ, ನನಗೆ ಕೂಲಿ ಕೊಡು' ಎಂದಳು ಅಮ್ಮ. 'ಕೊಡ್ತೀನಿ. ನಿಮ್ಮ ಹಾಗೆ ಹತ್ತೊಂಬತ್ತು ತಿಂಗಳು ಕಾಯಿಸೋಳಲ್ಲ ನಾನು' ಎಂದರು ಕಾಜಾ ಅಕ್ಕ. ವ್ಯವಹಾರ ಇಷ್ಟಕ್ಕೇ ಮುಗಿಯಿತು. ಮಾರನೆಯ ದಿನದಿಂದ ಅಮ್ಮ ತನ್ನ ಯಂತ್ರವನ್ನು ತುಳಿಯಲು ಇನ್ನೊಬ್ಬರ ಮನೆಗೆ ಕೆಲಸಕ್ಕೆ ಹೋಗತೊಡಗಿದಳು.

ಇದನ್ನು ಕುರಿತು ತಾವು ಬರೆಸಿದ ನೋಟೀಸನ್ನು ನಾನು ನಾಲ್ಕು ಸಲ ಓದಿದ್ದೇನೆ. ಅದರ ಪ್ರಕಾರ ಯಂತ್ರ ಜಪ್ತಿಗೆ ಬರುವುದಿಲ್ಲ, ಏಕೆಂದರೆ ಅದು ಅಮ್ಮನಿಗೆ ಬೇಕು. ಅಮ್ಮ ಅದನ್ನು ಕೊಟ್ಟುಬಿಟ್ಟಳು, ಆದ್ದರಿಂದ ಅದು ಬೇಕಿರಲಿಲ್ಲ. ಬೇಕಿರಲಿಲ್ಲವಾದ್ದರಿಂದ ಅದು ಮೊದಲಿನಿಂದಲೂ ಜಪ್ತಿಗೆ ಬರುತ್ತಿತ್ತು. ಹಾಗಾಗಿ ಅದನ್ನು ಒಬ್ಬರಿಗೇ ಕೊಟ್ಟು ಉಳಿದ ಹತ್ತು ಮಂದಿಗೆ ಮೋಸ ಮಾಡಲಾಗಿದೆ. ಹಳಗನ್ನಡದ ಟೀಕುಗಳನ್ನು ಮೂರು ವರ್ಷ ಓದಿದ ನಾನು ಹೇಳುತ್ತೇನೆ, ಇಂಥ ಅನ್ವಯವನ್ನು ನಮ್ಮ ಮೇಷ್ಟ್ರುಗಳೂ ಮಾಡಿ ತೋರಿಸಿರಲಿಲ್ಲ.

ಈ ಬೆಳಕಿನಲ್ಲಿ ನೋಡಿದಾಗ ನಮ್ಮ ಮನೆಯಲ್ಲಿ ಇನ್ನೂ ಕೆಲವು ಅಪರಾಧಗಳು ನಡೆದಿರುವುದು ಕಂಡುಬಂತು, ಮುಚ್ಚಿಡುವುದು ತರವಲ್ಲ. ಜಪ್ತಿಗೆ ಬಾರದ ಪಾತ್ರೆಗಳಲ್ಲಿ ಬೇಯಿಸಿದ ಮಧ್ಯಾಹ್ನದ ಊಟವನ್ನು ಕಾಜಾ ಅಕ್ಕ ಒಬ್ಬರೇ ಉಂಡಿದ್ದಾರೆ. ಉಳಿದ ಹತ್ತು ಮಂದಿಗೆ ಆಗಿರುವ ಅನ್ಯಾಯ ಸರಿಪಡಿಸಲು ಬ್ಯಾಂಕಿನ ಮ್ಯಾನೇಜರು, ಬಟ್ಟೆಯ ಸಗಟು ವ್ಯಾಪಾರಿ ಮುಂತಾದವರನ್ನು ದಿನಕ್ಕೊಬ್ಬರಂತೆ ಊಟಕ್ಕೆ ಕಳಿಸಬೇಕಾಗಿ ಕೋರುತ್ತೇನೆ. ತಟ್ಟೆ ನಾಲ್ಕೇ ಇರುವುದರಿಂದ ಒಟ್ಟಿಗೆ ಬರಬಾರದು. ಬೆನ್ನು ನೋವಿದ್ದ ದಿನಗಳಲ್ಲಿ ಕಾಜಾ ಅಕ್ಕ ನಮ್ಮ ಹಾಸಿಗೆಯ ಮೇಲೆ ಅರ್ಧ ಗಂಟೆ ಅಡ್ಡಾದದ್ದೂ ಉಂಟು. ಮ್ಯಾನೇಜರು ಅಡ್ಡಾಗಲು ಇಚ್ಛಿಸಿದರೆ ದಿಂಬು ತಾವೇ ತರಲಿ.

ಸ್ಥಳ ತನಿಖೆಗೆ ಹೋದ ತಮ್ಮ ಇನ್ಸ್‌ಪೆಕ್ಟರರನ್ನೂ ನೆನೆಯಬೇಕು. ಕಾಜಾ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ ಅವರಿಗೆ 'ಒಳಗೆ ಬನ್ನಿ ಸಾರ್, ಇಲ್ಲ ಹೊರಗೆ ಹೋಗಿ, ಬೆಳಕಿಗೆ ಅಡ್ಡ ನಿಲ್ಲಬೇಡಿ' ಎಂಬ ಸ್ವಾಗತ ಸಿಕ್ಕಿತು. ಅವರು ಬರೆದುಕೊಂಡ ವರದಿಯ ಮೊದಲ ಪುಟದಲ್ಲಿ ಯಂತ್ರವು ಅಮ್ಮನ ಕೈಬಿಟ್ಟು ಹೋಗಿದೆಯೆಂದೂ, ಎರಡನೆಯ ಪುಟದಲ್ಲಿ ಅಮ್ಮ ಅದೇ ಯಂತ್ರದಲ್ಲಿ ಹೊಲಿಯುತ್ತಿದ್ದಳೆಂದೂ ಇದೆ. ಎರಡೂ ನಿಜ. ಹಾಳೆ ಮಗುಚುವಷ್ಟರಲ್ಲಿ ಮರೆತುಹೋಗುವುದು ಯಾರಿಗಾದರೂ ಸಹಜ.

ತಾವು ದಯೆಯಿಟ್ಟು ಒಂದು ದಾರಿಯನ್ನೂ ತೋರಿಸಿದ್ದೀರಿ. ಯಂತ್ರವನ್ನು ತಿಳಿಯದೆ ಕೊಟ್ಟೆ, ಅದು ತಪ್ಪಾಯಿತು ಎಂದು ಅಮ್ಮ ಬರುವ ಗುರುವಾರದೊಳಗೆ ಬರೆದುಕೊಟ್ಟರೆ ಯಂತ್ರ ನಮ್ಮ ಮನೆಗೆ ಬರುತ್ತದೆ, ಬಂದ ಕೂಡಲೇ ಮತ್ತೆ ಜಪ್ತಿಗೆ ಬಾರದ್ದಾಗುತ್ತದೆ, ಅಮ್ಮನಿಗೆ ಋಣಮುಕ್ತಿ ಪತ್ರ ಸಿಗುತ್ತದೆ. ಕಾಜಾ ಅಕ್ಕ ಸಾಲಿನ ಕೊನೆಯಲ್ಲಿ ನಿಂತು ನೂರು ರೂಪಾಯಿ ಬಾಕಿಗೆ ಮೂರು ರೂಪಾಯಿಯಂತೆ ಪಡೆಯುತ್ತಾರೆ. ಬರೆದುಕೊಡದಿದ್ದರೆ ಮುಕ್ತಿಯಿಲ್ಲ, ಅಮ್ಮ ಸಾಯುವವರೆಗೂ ತಮ್ಮ ಕಡತದಲ್ಲೇ ಇರಬೇಕು. ಆ ಹೇಳಿಕೆಯನ್ನು ನಾನೇ ಒಳ್ಳೆಯ ಅಕ್ಷರದಲ್ಲಿ ಬರೆದು ಅಮ್ಮನ ಮುಂದಿಟ್ಟೆ. ಅಮ್ಮನಿಗೆ ಬಿಡುಗಡೆಯಾಗಲೆಂಬ ಆಸೆ ನನ್ನದು. ಅವಳು ಕನ್ನಡಕ ಹಾಕಿಕೊಂಡು ಓದಿದಳು. 'ಬರವಣಿಗೆ ಚೆನ್ನಾಗಿದೆ. ಆದ್ರೆ ಇಪ್ಪತ್ತೆರಡು ವರ್ಷದಲ್ಲಿ ನಾನು ತಿಳಿದೂ ತಿಳಿದೂ ಮಾಡಿದ ಕೆಲಸ ಇದೊಂದೇ ಕಣೇ. ಇದನ್ನೂ ತಪ್ಪು ಅಂತ ಬರೀಲಾ?' ಎಂದು ಹಾಳೆಯನ್ನು ನನಗೇ ಹಿಂದಿರುಗಿಸಿದಳು.

ಈ ಮಾತು ಕಾಜಾ ಅಕ್ಕನ ಕಿವಿಗೆ ಬಿತ್ತು. ಆ ಯಂತ್ರದ ದೆಸೆಯಿಂದ ಅಮ್ಮನಿಗೆ ಮುಕ್ತಿ ತಪ್ಪಬಾರದೆಂದು ಅವರು ನಮಗೆ ಹೇಳದೆ, ಯಂತ್ರವನ್ನು ತಳ್ಳುಗಾಡಿಗೆ ಹಾಕಿಸಿ, ಸೋಮವಾರ ಬೆಳಿಗ್ಗೆ ತಮ್ಮ ಕಚೇರಿಗೇ ತಂದರು. ಎರಡನೆಯ ಕೌಂಟರಿನವರು ತೂತಿನಿಂದ ನೋಡಿ, 'ಇಲ್ಲಿ ಕಾಗದ ಮಾತ್ರ ತಗೊಳ್ಳೋದಮ್ಮ, ಸಾಮಾನು ತಗೊಳ್ಳಲ್ಲ' ಎಂದರು. 'ನಿಮ್ಮದು ಅಂತ ನೀವೇ ಬರೆದಿದ್ದೀರಲ್ಲ ಸಾರ್?' 'ಬರೆದಿದ್ದೀವಿ. ತಗೊಳ್ಳೋಕೆ ಆರ್ಡರ್ ಬರಬೇಕು.' ವಾಪಸು ಒಯ್ಯಲು ಹೊರಟರೆ, ವಿವಾದದ ಸ್ವತ್ತನ್ನು ಕಚೇರಿಯಿಂದ ಹೊರಗೆ ಬಿಡುವಂತಿಲ್ಲವೆಂದು ಕಾವಲುಗಾರರು ತಡೆದರು. ಅಂದಿನಿಂದ ಯಂತ್ರ ತಮ್ಮ ಪಡಸಾಲೆಯಲ್ಲಿ, ನೀರಿನ ಫಿಲ್ಟರಿನ ಪಕ್ಕದಲ್ಲಿದೆ. ಕಾಲಲ್ಲಿ ತುಳಿಯುವಂಥದಾದ್ದರಿಂದ ಕರೆಂಟು ಬೇಕಿಲ್ಲ. ಅಮ್ಮ ಒಂಬತ್ತಕ್ಕೆ ಬಂದು ಕೂರುತ್ತಾಳೆ, ಕಾಜಾ ಅಕ್ಕ ಮೆಟ್ಟಿಲ ಮೇಲೆ ಬೆಳಕು ಹುಡುಕಿ ಕೂರುತ್ತಾರೆ. ಕೆಲಸಕ್ಕೇನೂ ಕೊರತೆಯಿಲ್ಲ, ತಮ್ಮ ಸಿಬ್ಬಂದಿಯ ಅಂಗಿಯ ತೋಳುಗಳು ಇಷ್ಟೊಂದು ಹರಿದಿರುವುದು ನಮಗೆ ತಿಳಿದಿರಲಿಲ್ಲ.

ಮಾನ್ಯರೇ, ನನ್ನ ಕೋರಿಕೆ ಒಂದೇ. ಹತ್ತು ಮಂದಿಗೆ ಎಂದೂ ಸಿಗಲಾರದು ಎಂದು ತಾವೇ ಚೀಟಿ ಅಂಟಿಸಿದ್ದನ್ನು ಅಮ್ಮ ಹನ್ನೊಂದನೆಯವರಿಗೆ ಕೊಟ್ಟರೆ, ಆ ಹತ್ತು ಮಂದಿ ಕಳೆದುಕೊಂಡದ್ದೇನು? ಕೌಂಟರಿನಲ್ಲಿ ಕೇಳಲಾಗದೆ ಹೋದ ಪ್ರಶ್ನೆ ಇದು. ಗುರುವಾರದೊಳಗೆ ಉತ್ತರ ಕೊಡಿ, ಇಲ್ಲವೇ ಅಮ್ಮನಿಗೆ ಅವಳ ಪತ್ರ ಕೊಡಿ. ಅಮ್ಮನಿಂದ ತಪ್ಪೊಪ್ಪಿಗೆ ಮಾತ್ರ ಬರುವುದಿಲ್ಲ. ಬರೆಯಬೇಕಾದವಳು ನಾನು, ನಾನೂ ಇನ್ನೊಮ್ಮೆ ಬರೆಯುವುದಿಲ್ಲ.

ಇನ್ನೂ ನೆಟ್ಟಗೆ ನಿಲ್ಲಲು ಕಲಿಯುತ್ತಿರುವ ತಮ್ಮ ವಿಶ್ವಾಸಿ,
ದಿವಾಳಿಯಾದವಳ ಮಗಳು

ಮರೆತ ಮಾತು: ಈ ಪತ್ರ ಮಡಿಸುವ ಹೊತ್ತಿಗೆ ತಮ್ಮ ಜವಾನರು ತಾವು ಕಳಿಸಿದ ಕಂದು ಬಣ್ಣದ ಪ್ಯಾಂಟನ್ನು ತಂದುಕೊಟ್ಟರು. ಸೊಂಟವನ್ನು ಎರಡು ಇಂಚು ಬಿಡಿಸಿದ್ದಾಗಿದೆ. ಕೂಲಿಗೆ ರಸೀದಿ ಬೇಕೆಂದು ಹೇಳಿ ಕಳಿಸಿದ್ದೀರಂತೆ. ರಸೀದಿಯಲ್ಲಿ 'ಯಂತ್ರದ ಒಡತಿ' ಎಂಬುದರ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ತಾವೇ ಹೆಸರು ತುಂಬಿ, ರುಜು ಮಾಡಿ, ಮೊಹರು ಹಾಕಿ ಕಳಿಸಿದ ಕೂಡಲೇ ಪ್ಯಾಂಟು ತಮ್ಮನ್ನು ತಲುಪುತ್ತದೆ. ಅಲ್ಲಿಯವರೆಗೆ ಇಸ್ತ್ರಿ ಕೆಡದಂತೆ ನೋಡಿಕೊಳ್ಳುವುದಾಗಿ ಕಾಜಾ ಅಕ್ಕ ಹೇಳಿದ್ದಾರೆ.