ಹೊಸ ಬ್ಯಾಟಿನ ಮೇಲೆ ನನ್ನ ಸಂಶಯಗಳು

ಸಂಶಯಪಡುವುದು ನನಗೆ ಹುಟ್ಟಿನಿಂದ ಬಂದ ಗುಣ. ಕಲ್ಲಂಗಡಿ ಕೊಳ್ಳುವಾಗ ಎಲ್ಲರೂ ಹಣ್ಣನ್ನು ಬಡಿದು ನೋಡುತ್ತಾರೆ. ನಾನು ಬಡಿಯುವಾಗ ಅಂಗಡಿಯವನ ಮುಖ ನೋಡುತ್ತೇನೆ. ಹಾಲಿನವನು ಬೆಳಿಗ್ಗೆ ನಗುನಗುತ್ತ ಬಂದರೆ ಅವತ್ತು ನೀರು ಜಾಸ್ತಿ ಬಿದ್ದಿದೆ ಎಂದೇ ನನ್ನ ಲೆಕ್ಕ. ಹೆಣ್ಣು ನೋಡಲು ಹೋದಾಗ ಅವರು ಕೊಟ್ಟ ಉಪ್ಪಿಟ್ಟು ಬಹಳ ರುಚಿಯಾಗಿತ್ತು. ಇದನ್ನು ಹುಡುಗಿ ಮಾಡಿರಲಿಕ್ಕಿಲ್ಲ, ಪಕ್ಕದ ಮನೆಯವರ್‍ಯಾರೋ ಮಾಡಿಕೊಟ್ಟಿದ್ದಾರೆ ಎಂದು ಆಗಲೇ ನನಗೆ ಅನುಮಾನ ಬಂದಿತ್ತು. ಮದುವೆಯಾದ ಮೇಲೆ ಅದು ಸತ್ಯವೆಂದು ಗೊತ್ತಾಯಿತು. ಅಂದಿನಿಂದ ನನಗೆ ಯಾರ ಮೇಲೆ ನಂಬಿಕೆ ಇಲ್ಲದಿದ್ದರೂ ನನ್ನ ಸಂಶಯದ ಮೇಲೆ ಮಾತ್ರ ಪೂರ್ತಿ ನಂಬಿಕೆ. ಇಂಥವನು ಸಂಶಯಪಡಬೇಕಾದ ಒಂದೇ ಒಂದು ಕಡೆ ಪಡದೆ, ಉಳಿದ ಎಲ್ಲ ಕಡೆಯೂ ಪಟ್ಟು ದಣಿದ ಕಥೆ ಇದು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸಿಂಧನೂರಿನಲ್ಲಿ ಕಾಲುವೆ ಆಫೀಸಿನ ನೌಕರ. ಉಪಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ಗೇಜು ನೋಡಿ ಮೇಲಿನವರಿಗೆ ತಿಳಿಸುವುದಷ್ಟೇ ನನ್ನ ಕೆಲಸ. ನೀರು ಬಿಡುವುದು, ನಿಲ್ಲಿಸುವುದು ಎಲ್ಲ ಅವರ ಕೈಯಲ್ಲಿ. ನಾನು ಹೇಳಿದರೆ ನಮ್ಮ ಮನೆಯ ನಲ್ಲಿಯಲ್ಲೂ ನೀರು ಬರುತ್ತಿರಲಿಲ್ಲ. ಆದರೂ ಜೀಪಿನಲ್ಲಿ ಓಡಾಡುವವನನ್ನು, ಅವನು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರೂ, ಊರು ಸಾಹೇಬ ಎಂದೇ ಕರೆಯುತ್ತದೆ. ಈ ಸಾಹೇಬನಿಗೆ ಸಂಜೆ ಶಟಲ್ ಆಡುವ ಹುಚ್ಚು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ನೆಲ ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದು, ಎರಡು ಕಂಬ ನೆಟ್ಟು ನೆಟ್ ಕಟ್ಟಿಕೊಂಡಿದ್ದೆವು. ಆಫೀಸಿನವರ ಜೊತೆಗೆ ಸುತ್ತಲಿನ ಹಳ್ಳಿಗಳ ಕೆಲವು ರೈತರೂ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಅವರಲ್ಲಿ ಜವಳಗೇರಾ ಕಡೆಯ ವೀರೇಶಪ್ಪ ಎಂಬವರು ರಾಯಚೂರಿನಲ್ಲಿ ಕಾಲೇಜು ಓದುವಾಗಲೇ ಆಡಿ ಹೆಸರು ಮಾಡಿದವರು. ಅವರ ಭತ್ತದ ಗದ್ದೆ ಉಪಕಾಲುವೆಯ ಕಟ್ಟಕಡೆಯ ತುದಿಯಲ್ಲಿತ್ತು. ಮೇಲಿನ ಗದ್ದೆಯವರೆಲ್ಲ ಹರಿಸಿಕೊಂಡು ಉಳಿದರೆ ಮಾತ್ರ ಅವರಿಗೆ ನೀರು. ನನ್ನ ಎದುರಾಳಿ ಹೆಚ್ಚಾಗಿ ಅವರೇ.

ನನ್ನ ಹಳೆಯ ಬ್ಯಾಟು ಮರದ್ದು. ಸೊಟ್ಟಗಾಗದಿರಲೆಂದು ಅದಕ್ಕೊಂದು ಚೌಕಟ್ಟು, ಚೌಕಟ್ಟಿಗೆ ನಾಲ್ಕು ತಿರುಪು. ಆಡುವುದಕ್ಕಿಂತ ತಿರುಪು ಬಿಚ್ಚಿ ಹಾಕುವುದಕ್ಕೇ ಹೆಚ್ಚು ತಾಕತ್ತು ಬೇಕಾಗುತ್ತಿತ್ತು. ಒಂದು ಮಳೆಗಾಲದಲ್ಲಿ ಚೌಕಟ್ಟು ಹಾಕುವುದನ್ನು ಮರೆತೆ, ಅದು ಕರಿದ ಹಪ್ಪಳದಂತೆ ಮುದುರಿಕೊಂಡಿತು. ಹೊಸದನ್ನು ಕೊಳ್ಳಲು ಬಜಾರಿನಲ್ಲಿ ಶಾಲೆಯ ಚೀಲ, ಕೇರಂ ಬೋರ್ಡು, ಬಹುಮಾನದ ಕಪ್ಪು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಮಿರಿಮಿರಿ ಮಿಂಚುವ ಬ್ಯಾಟೊಂದನ್ನು ಹೊರತೆಗೆದು, ಇದು ಎಷ್ಟು ಹಗುರವೆಂದರೆ ಕೈಯಲ್ಲಿ ಹಿಡಿದಿರುವುದೇ ಗೊತ್ತಾಗುವುದಿಲ್ಲ ಎಂದ. ಗೊತ್ತೇ ಆಗದ ವಸ್ತುವಿಗೆ ಇಷ್ಟು ರೊಕ್ಕ ಯಾಕೆ ಕೊಡಬೇಕು ಎಂಬುದು ನನ್ನ ಮೊದಲ ಸಂಶಯ. ಬೇಳೆ, ಬಂಗಾರ, ಕಬ್ಬಿಣ ಎಲ್ಲಕ್ಕೂ ತೂಕ ಹೆಚ್ಚಾದಂತೆ ಬೆಲೆ ಹೆಚ್ಚುತ್ತದೆ. ಇದೊಂದಕ್ಕೆ ಮಾತ್ರ ತೂಕ ಕಡಿಮೆಯಾದಷ್ಟೂ ಬೆಲೆ ಏರುತ್ತದೆ ಎಂದರೆ ಇದರಲ್ಲಿ ಏನೋ ಗೋಲ್‌ಮಾಲ್ ಇರಲೇಬೇಕು. ಬ್ಯಾಟನ್ನು ಎದುರಿನ ಕಿರಾಣಿ ಅಂಗಡಿಗೆ ಒಯ್ದು ತೂಕ ಮಾಡಿಸಿದೆ. ಕಿರಾಣಿಯವನು ಇನ್ನೊಂದು ತಟ್ಟೆಗೆ ಸಣ್ಣ ಬೆಲ್ಲದ ಉಂಡೆ ಹಾಕುತ್ತಲೇ ಬ್ಯಾಟು ಮೇಲೆದ್ದುಬಿಟ್ಟಿತು. ಅವನು ನನ್ನನ್ನು ಮರುಕದಿಂದ ನೋಡಿ, ಇದರಲ್ಲಿ ಏನೂ ಇಲ್ಲವೆಂದು ತಲೆಯಾಡಿಸಿದ. ಆದರೂ ಕೊಂಡೆ. ಹಿಂದಿನ ವಾರ ಪಕ್ಕದ ಕ್ವಾರ್ಟರ್ಸಿನವರು ಅಂಥದೇ ಒಂದನ್ನು ತಂದಿದ್ದರು, ನನ್ನ ಹೆಂಡತಿ ಸುವರ್ಣಾ ಅದನ್ನು ನೋಡಿಯೂ ಇದ್ದಳು.

ಹೊಸ ಬ್ಯಾಟಿಗೆ ಕೈ ಒಗ್ಗಿಸಿಕೊಳ್ಳುವುದು ಹೊಸ ಚಪ್ಪಲಿಗೆ ಕಾಲು ಒಗ್ಗಿಸಿದಷ್ಟು ಸುಲಭವಲ್ಲ. ಮರದ ಬ್ಯಾಟನ್ನು ಬೀಸಲು ಶುರು ಮಾಡಿದರೆ ಅದು ಮೇಲೇಳುವಷ್ಟರಲ್ಲಿ ಶಟಲ್ ಬಂದು ತಲುಪುತ್ತಿತ್ತು. ಈ ಹಗುರಾದ್ದು ಶಟಲ್ ಬರುವುದಕ್ಕೂ ಮೊದಲೇ ಹೋಗಿ ವಾಪಸ್ ಬಂದಿರುತ್ತಿತ್ತು. ಒಂದು ವಾರ ನಾನು ಬರೀ ಗಾಳಿಗೆ ಹೊಡೆದೆ. ತಂತಿ ಬೇರೆ ಅನುಮಾನಕ್ಕೆ ಬಂತು. ಅಂಗಡಿಯವನು ಹೆಬ್ಬೆರಳಿನಿಂದ ಮೀಟಿದಾಗ ಟಣ್ ಎಂದಿತ್ತು, ಮನೆಯಲ್ಲಿ ನಾನು ಮೀಟಿದರೆ ಟಪ್ ಎನ್ನುತ್ತಿತ್ತು. ಬ್ಯಾಟು ಬದಲಾಯಿಸಿದನೋ, ಇಲ್ಲ ಅವನ ಹೆಬ್ಬೆರಳಿನಲ್ಲೇ ಏನಾದರೂ ಕರಾಮತ್ತು ಇತ್ತೋ ತಿಳಿಯಲಿಲ್ಲ. ನಾನು ದಿನಾ ಬೆಳಗ್ಗೆ ಕಿವಿಯ ಹತ್ತಿರ ಹಿಡಿದು ಮೀಟುವುದನ್ನು ನೋಡಿ ಸುವರ್ಣಾ, ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು.

ಆಮೇಲೆ ಒಂದು ಪವಾಡ ನಡೆಯಿತು. ಹೋಳಿ ಹುಣ್ಣಿಮೆಯ ಆಜುಬಾಜು ನಾನು ಗೆಲ್ಲತೊಡಗಿದೆ. ವೀರೇಶಪ್ಪನವರ ಎದುರು ಗೆದ್ದೆ, ಅವರ ಸಂಗಡ ಬರುವ ರೈತರ ಎದುರೂ ಗೆದ್ದೆ. ನನ್ನ ಸ್ಮ್ಯಾಶ್ ಅವರಿಗೆ ಎತ್ತಲಾಗುತ್ತಿರಲಿಲ್ಲ. ಬ್ಯಾಟಿನ ತಂತಿ ಹದಕ್ಕೆ ಬಂದಿದೆ ಎಂದುಕೊಂಡು ಅದಕ್ಕೆ ಹೊಸ ಕವರು ಹೊಲಿಸಿದೆ. ಬೇಸಿಗೆ ಬಂತು, ಕಾಲುವೆ ಬಂದ್ ಆಯಿತು, ಅದೇ ವಾರದಿಂದ ನಾನು ಸೋಲಲು ಶುರು ಮಾಡಿದೆ. ಸಣ್ಣ ಸೋಲಲ್ಲ, ನೋಡುವವರು ಎದ್ದು ಮನೆಗೆ ಹೋಗುವಂಥ ಸೋಲು. ಬಿಸಿಲಿಗೆ ತಂತಿ ಸಡಿಲಾಗಿದೆ ಎಂದು ಕೂಡಲೇ ಪತ್ತೆ ಹಚ್ಚಿದೆ.

ಲಿಂಗಸುಗೂರಿನಲ್ಲಿ ಮಾನಪ್ಪ ಮಾಸ್ತರ ಎಂಬ ಆಟದ ಮಾಸ್ತರರು ಗಟ್ಟಿಂಗ್, ಅಂದರೆ ಬ್ಯಾಟಿಗೆ ತಂತಿ ಹೆಣೆಯುವ ಕೆಲಸ ಮಾಡುತ್ತಾರೆಂದು ಯಾರೋ ಹೇಳಿದರು. ಒಂದು ಭಾನುವಾರ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಡಿಯಿತು, ಆದರೆ ಎಣ್ಣೆಯ ಕೈ ಬ್ಯಾಟಿಗೆ ತಾಗೀತೆಂದು ಬಾಯಿ ಕಟ್ಟಿ ಕುಳಿತೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕವರಿನ ಬಾಯಿ ಸರಿಸಿ ಇಣುಕಿದಳು. ಜರಡಿ ಎಂದುಕೊಂಡಳೆಂದು ಕಾಣುತ್ತದೆ. "ತೂತು ಭಾಳ ದೊಡ್ಡವು ಅದಾವಪಾ. ಕಾಳು ನಿಲ್ಲಂಗಿಲ್ಲ. ಮೋಸ ಮಾಡ್ಯಾರ ನಿನಗ," ಎಂದಳು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಮಾತು.

ಮಾನಪ್ಪ ಮಾಸ್ತರರು, ಬ್ಯಾಟು ಬಿಟ್ಟು ಹೋಗಿ ಬರುವ ವಾರ ಬನ್ನಿ ಎಂದರು. ಬಿಟ್ಟು ಹೋದರೆ ಒಳ್ಳೆಯ ತಂತಿ ಬಿಚ್ಚಿಕೊಂಡು ಹಳೆಯದನ್ನು ಹಾಕಿಯಾರು ಎಂದು, ಕುಳಿತೇ ಮಾಡಿಸಿಕೊಂಡು ಹೋಗುತ್ತೇನೆಂದೆ. ಅವರ ಕೈಯನ್ನೇ ದಿಟ್ಟಿಸುತ್ತ ಎದುರಿಗೆ ಕೂತೆ. ಅವರು ತಂತಿಯ ತುದಿಯನ್ನು ನನ್ನ ಕೈಗೇ ಕೊಟ್ಟು ಎಳೆದು ಹಿಡಿಯಲು ಹೇಳಿದರು. ಬೆರಳು ಕೆಂಪಾಗುವವರೆಗೆ ಎಳೆದು ಹಿಡಿದೆ. ಬರುವಾಗ ಮೀಟಿ ನೋಡಿದರೆ ಟಣ್ ಎಂದಿತು. ಸಿಂಧನೂರಿಗೆ ಬಂದು ಆಡಿದರೆ ಮತ್ತೂ ಹೀನಾಯವಾಗಿ ಸೋತೆ. ಮಾಸ್ತರರು ನನ್ನ ಕಣ್ಣೆದುರಿಗೇ ಹೇಗೆ ಮೋಸ ಮಾಡಿದರು ಎಂಬುದು ಮಾತ್ರ ಹೊಳೆಯಲಿಲ್ಲ.

ಮುಂಗಾರು ಬಂತು, ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ನಾನು ಮತ್ತೆ ಗೆದ್ದೆ. ತೇವಕ್ಕೆ ತಂತಿ ಬಿಗಿಯುತ್ತದೆ ಎಂದು ಎಲ್ಲರಿಗೂ ವಿವರಿಸಿದೆ. ದೀಪಾವಳಿಯ ಹೊತ್ತಿಗೆ, ತುದಿಯ ಗದ್ದೆಗಳಿಗೆ ಕೊನೆಯ ನೀರು ಬೇಕಾದ ದಿನಗಳಲ್ಲಿ, ನನ್ನ ಆಟ ಎಂಥದಿತ್ತೆಂದರೆ ನನಗೇ ನನ್ನ ಬಗ್ಗೆ ಗೌರವ ಬಂತು. ಸುಗ್ಗಿಯಾಗಿ ಕಾಲುವೆ ನಿಂತಿತು, ಮತ್ತೆ ಸೋತೆ. ಚಳಿಗೆ ತಂತಿ ಪೆಡಸಾಗಿದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಅಕ್ಕಿ ಆರಿಸುತ್ತ ಕುಳಿತಿದ್ದ ಸುವರ್ಣಾ ತಲೆ ಎತ್ತದೆ, "ಏನ್ರೀ, ಕಾಲವಿಗೆ ನೀರು ಬಂದಾಗ ನಿಮ್ಮ ಬ್ಯಾಟಿಗೆ ಜೀವ ಬರ್ತೈತಿ, ನೀರು ನಿಂತ ಕೂಡ್ಲೆ ಹೋಗ್ತೈತಿ. ಆ ತಂತಿಗೆ ಗೇಜು ಯಾರು ತೋರಸ್ತಾರ?" ಎಂದಳು.

ಅವತ್ತು ನನಗೆ ಊಟ ಸೇರಲಿಲ್ಲ. ಅಂಗಡಿಯವನನ್ನು, ಮಾಸ್ತರರನ್ನು, ಬಿಸಿಲನ್ನು, ಚಳಿಯನ್ನು, ಎಲ್ಲವನ್ನೂ ಸಂಶಯಪಟ್ಟ ನಾನು ನನ್ನ ಗೆಲುವನ್ನು ಮಾತ್ರ ಸಂಶಯಪಟ್ಟಿರಲಿಲ್ಲ. ಸೋಲು ಬಂದಾಗಲೆಲ್ಲ ಕಾರಣ ಹುಡುಕಿದ್ದೆ, ಗೆಲುವಿಗೆ ಯಾರು ಕಾರಣ ಹುಡುಕುತ್ತಾರೆ? ಎರಡನೇ ಬೆಳೆಗೆ ನೀರು ಬಿಟ್ಟು ನಾನು ಮತ್ತೆ ಗೆಲ್ಲುತ್ತಿದ್ದ ದಿನಗಳಲ್ಲಿ, ಪರೀಕ್ಷೆ ಮಾಡಿಯೇ ಬಿಡೋಣವೆಂದು ಬ್ಯಾಟು ಹಿಡಿದು ಲಿಂಗಸುಗೂರಿಗೆ ಹೋದೆ. ಆ ಊರಿಗೆ ನಮ್ಮ ಕಾಲುವೆಯ ನೀರು ಬರುವುದಿಲ್ಲ, ಅಲ್ಲಿಯವರಿಗೆ ನನ್ನಿಂದ ಆಗಬೇಕಾದದ್ದು ಏನೂ ಇಲ್ಲ. ಮಾನಪ್ಪ ಮಾಸ್ತರರ ಜೊತೆ ಆಡಿದೆ. ನನ್ನ ಸ್ಮ್ಯಾಶನ್ನು ಅವರು ನಿಂತಲ್ಲೇ ನಿಂತು ವಾಪಸ್ ಕಳಿಸಿದರು, ಕಳಿಸುವಾಗ ಇನ್ನೊಬ್ಬರೊಂದಿಗೆ ಮಗಳ ಮದುವೆಯ ವಿಷಯ ಮಾತಾಡುತ್ತಿದ್ದರು. ಆಟ ಮುಗಿದದ್ದು ನನಗೆ ಗೊತ್ತಾಗಲೇ ಇಲ್ಲ, ಅವರೇ ಹೇಳಬೇಕಾಯಿತು.

ಮರುದಿನ ಸಂಜೆ ಸಿಂಧನೂರಿನಲ್ಲಿ ವೀರೇಶಪ್ಪನವರನ್ನು ಕಂಬದ ಹತ್ತಿರ ನಿಲ್ಲಿಸಿಕೊಂಡು ನೇರವಾಗಿ ಕೇಳಿದೆ. ಬೇಕೆಂದೇ ಸೋಲುತ್ತಿದ್ದೀರಿ, ಹೌದೋ ಅಲ್ಲವೋ ಎಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೌದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನೀರು ಬಿಡುವುದು ನನ್ನ ಕೈಯಲ್ಲಿ ಇಲ್ಲವೆಂದು ಗದರಿದೆ.

"ಅದೂ ಗೊತ್ತೈತ್ರಿ ಸಾಹೇಬ್ರ," ಎಂದರು. "ನೀವು ಬರೇ ಗೇಜು ನೋಡೋರು ಅಂತ ಇಡೀ ಕಾಲವಿಗೇ ಗೊತ್ತೈತಿ."

ನನಗೆ ಮೊದಲಿನ ಮಾತಿಗಿಂತ ಇದು ಹೆಚ್ಚು ಚುಚ್ಚಿತು. ಆಟಗಾರನಲ್ಲ ಎಂಬುದು ಲಿಂಗಸುಗೂರಿನಲ್ಲಿ ತಿಳಿದಿತ್ತು, ಸಾಹೇಬನೂ ಅಲ್ಲ ಎಂಬುದು ಈಗ ತಿಳಿಯಿತು. ಹಾಗಾದರೆ ಯಾಕೆ ಸೋಲುತ್ತೀರಿ ಎಂದು ಕೇಳುವಾಗ ನನ್ನ ದನಿ ಸಣ್ಣದಾಗಿತ್ತು.

"ಭತ್ತ ತೆನಿ ಹಾಯಾಕತ್ತೈತ್ರಿ. ಹದಿನೈದು ದಿನ ಆತು, ನೀರು ನಮ್ಮ ತುದಿ ಮುಟ್ಟಿಲ್ಲ. ಇನ್ನೊಂದು ವಾರ ಬರಲಿಲ್ಲಂದ್ರ ಬರೇ ಹುಲ್ಲು. ನೀರು ಬಿಡೋರು ನಮ್ಮ ಕೈಗೆ ಸಿಗಂಗಿಲ್ರಿ, ದಿನಾ ಸಂಜಿಗೆ ಸಿಗೋರು ನೀವೊಬ್ಬರ. ಕಲ್ಲಿನ ಮುಂದ ಕಾಯಿ ಒಡಿತೀವಿ, ಕಲ್ಲಿಗೇನು ಗೊತ್ತಾಗ್ತೈತ್ರಿ? ಆದ್ರ ಒಡದು ಹೋದ್ರ ನಮಗ ನಿದ್ದಿ ಹತ್ತತೈತಿ."

ಇನ್ನು ಮೇಲೆ ಪ್ರಾಮಾಣಿಕವಾಗಿ ಆಡೋಣ ಎಂದು ಕಟ್ಟುನಿಟ್ಟಾಗಿ ಹೇಳಿ ಆಟಕ್ಕಿಳಿದೆ. ಅವರು ಹೂಂ ಎಂದರು. ಆದರೂ ಶಟಲನ್ನು ನೆಟ್ಟಿನ ಹತ್ತಿರ, ನನ್ನ ತಲೆಯ ಮೇಲೆ, ಎಂದಿನಂತೆ ಎತ್ತಿ ಕೊಟ್ಟರು. ಅದು ನಿಧಾನವಾಗಿ ಇಳಿಯುತ್ತಿತ್ತು. ಅದು ನನ್ನ ಮುಂದೆ ಒಡೆಯುವ ಕಾಯಿ ಎಂದು ಈಗ ನನಗೆ ಗೊತ್ತಿತ್ತಲ್ಲ, ಅಭಿಮಾನಕ್ಕೆ ಬಿದ್ದು ಬೇಕೆಂದೇ ನೆಟ್ಟಿಗೆ ಹೊಡೆದೆ. ಆಮೇಲೆ ವೀರೇಶಪ್ಪನವರ ಮುಖ ನೋಡಿದೆ. ಗುಡಿಯಲ್ಲಿ ಒಡೆದ ಕಾಯಿ ಕೊಳೆತು ಬಂದರೆ ಆಗುವ ಮುಖ ಅದು. ಅವರು ಒಮ್ಮೆ ಜವಳಗೇರಾ ದಿಕ್ಕಿನ ಕಡೆ ನೋಡಿದರು.

ನಾನೇ ಹೋಗಿ ಶಟಲ್ ಎತ್ತಿ ಅವರ ಕೈಗೆ ಕೊಟ್ಟೆ. "ತಂತಿ ಜರಾ ಸಡ್ಲ ಆಗ್ಯಾವ, ವೀರೇಶಪ್ಪಾರ. ಇನ್ನೊಮ್ಮಿ ಹಂಗ ಮ್ಯಾಲ ಎತ್ತಿ ಕೊಡ್ರಿ," ಎಂದೆ. ಕೊಟ್ಟರು. ಇದ್ದಬದ್ದ ಶಕ್ತಿ ಹಾಕಿ ಹೊಡೆದೆ. ಅವರು ಎತ್ತಲು ಹೋಗಿ ಎತ್ತಲಾಗದೆ ಮುಗ್ಗರಿಸಿ, ಸಮಾಧಾನದಿಂದ ಅಂಗಿ ಜಾಡಿಸಿಕೊಂಡರು.

ಆ ವಾರವೇ ಮೇಲಿನವರು ಯಾವ ಪುಣ್ಯಕ್ಕೋ ನೀರು ಹೆಚ್ಚಿಸಿದರು, ತುದಿಯ ಗದ್ದೆಗೂ ನೀರು ಹೋಯಿತು. ಇದರಲ್ಲಿ ನನ್ನ ಪಾತ್ರ ಏನೂ ಇಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿದೆ, ಯಾರೂ ನಂಬಲಿಲ್ಲ. ಹದಿನೈದು ದಿನಗಳಲ್ಲಿ ದಢೇಸುಗೂರು ಕಡೆಯ ಇಬ್ಬರು ರೈತರು ಹೊಸ ಬ್ಯಾಟು ಹಿಡಿದು ನನ್ನ ಎದುರು ಆಡಲು ಬಂದರು. ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎಂಬುದೂ ಅವರಿಗೆ ತಿಳಿದಿರಲಿಲ್ಲ. ಇಬ್ಬರನ್ನೂ ಸೋಲಿಸಿ, ಬಹಳ ದಿನಗಳ ಮೇಲೆ ಎದೆಯುಬ್ಬಿಸಿ ಮನೆಗೆ ಬಂದೆ. ಈ ಒಂದು ಗೆಲುವು ಮಾತ್ರ ನನ್ನದೇ ಸ್ವಂತದ್ದು, ಅವರಿಗೆ ನಿಜವಾಗಿಯೂ ಆಟ ಬರುವುದಿಲ್ಲ ಎಂದು ಸುವರ್ಣಾಗೆ ಹೇಳಿದೆ.

ಅವಳು ನನ್ನ ಕೈಯಿಂದ ಬ್ಯಾಟು ತೆಗೆದುಕೊಂಡು ಗೂಟಕ್ಕೆ ಹಾಕಿದಳು. "ಆಟ ಬರಂಗಿಲ್ಲ ಅಂತ ನಿಮಗ ಖಾತ್ರಿ ಐತೇನು?" ಎಂದಳು.