ಮೂಗುರಾಯನ ಮನೆಗೆ ಬಂದ ವಾಸನೆ

"ಈ ಮೂಗು ಈ ಮುಖದ ಮೇಲೆ ಇರೋ ತನಕ ಈ ಮನೇಲಿ ಒಂದು ಉಸಿರಷ್ಟು ಗ್ಯಾಸೂ ಸೋರೋಕೆ ಸಾಧ್ಯ ಇಲ್ಲ! ಸೋರಿದ್ರೆ ಮೂಗು ಕುಯ್ದು ನಿನ್ನ ಕೈಗೆ ಕೊಡ್ತೀನಿ!" ಎಂದು ಮೂಗುರಾಯ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಸಾರಿದ.

"ಅಯ್ಯೋ, ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಇರೋ ಸಾಮಾನಿಗೇ ಜಾಗ ಇಲ್ಲ" ಎಂದಳು ಹೆಂಡತಿ.

ಮೂಗುರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆ ಕೆಲಸಗಾರರು ದಯಪಾಲಿಸಿದ್ದು. ಸಿಲಿಂಡರ್ ತುಂಬುವ ಕಾರ್ಖಾನೆಯಲ್ಲಿ ಅವನ ಕೆಲಸ, ಗ್ಯಾಸಿಗೆ ವಾಸನೆ ಬೆರೆಸುವುದು. ನೆಲದಿಂದ ಬರುವ ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ಒಬ್ಬರಿಗೂ ತಿಳಿಯುವುದಿಲ್ಲ. ಅದಕ್ಕೇ ಕೊಳೆತ ಮೊಟ್ಟೆಯೂ ಹಳಸಿದ ಬೆಳ್ಳುಳ್ಳಿಯೂ ಜಗಳಕ್ಕೆ ಬಿದ್ದಂಥ ವಾಸನೆಯ ಒಂದು ದ್ರವವನ್ನು ಹನಿ ಹನಿಯಾಗಿ ಸೇರಿಸುತ್ತಾರೆ. ಅವನಿಗಿಂತ ಮುಂಚೆ ಆ ಕೆಲಸ ಮಾಡುತ್ತಿದ್ದವರು ತೀರಿಕೊಂಡ ಅವನ ಅಪ್ಪ. ಅಂದರೆ ತಲೆತಲಾಂತರದಿಂದ ಜನಕ್ಕೆ ದುರ್ವಾಸನೆ ಹಂಚಿ ಪ್ರಾಣ ಕಾಪಾಡಿದ ಮಹಾ ಮನೆತನ!

ಇಂಥ ಮನೆತನಕ್ಕೆ ಸೊಸೆಯಾಗಿ ಬಂದವಳು ಮಾಡುತ್ತಿದ್ದುದು ಏನು? ಊರವರ ತಾರಸಿ ಹತ್ತಿ ಸೋಲಾರ್ ಫಲಕ ಕೂರಿಸುವ ಕೆಲಸ. ಹಾಗಾಗಿ ಅವರ ಅಡುಗೆಕಟ್ಟೆಯ ಎಡಗಡೆ ಅವನ ಗ್ಯಾಸ್ ಒಲೆ, ಬಲಗಡೆ ಅವಳ ಕರೆಂಟ್ ಒಲೆ, ನಡುವೆ ಗಡಿ ಕಾಯುವವರಂತೆ ಅವನ ಅಮ್ಮ.

"ನಮ್ಮ ನೆಲದಡಿ ಇರೋದನ್ನ ನಾವು ತೆಗೀದೆ, ಕಂಡವರ ಬಾಗಿಲಲ್ಲಿ ಕೈ ಚಾಚಬೇಕೇನೇ?" ಎನ್ನುತ್ತಿದ್ದ ಅವನು.

"ತೆಗೀರಿ, ಯಾರು ಬೇಡ ಅಂದ್ರು? ತೆಗೆದು ಮುಗಿದ ಮೇಲೆ ತಳ ಕೆರೀತೀರಾ? ಸೂರ್ಯನ ತಳ ಕೆರೆದವರನ್ನ ಎಲ್ಲಾದ್ರೂ ನೋಡಿದೀರಾ?"

"ಮೋಡ ಮುಚ್ಚಿದ ದಿನ ನಿನ್ನ ಸೂರ್ಯನಿಗೆ ಫೋನ್ ಮಾಡಿ ಎಬ್ಬಿಸ್ತೀಯಾ?"

"ಹೊಗೆ ಕುಡಿದು ಕೆಮ್ಮೋ ಮಕ್ಕಳಿಗೆ ನೀವು ಫೋನ್ ಮಾಡಿ ಕ್ಷಮೆ ಕೇಳ್ತೀರಾ?"

"ಯಾವುದರ ಮೇಲಾದ್ರೂ ಇಡ್ರಪ್ಪ, ಟೀ ಬಿಸಿ ಇದ್ರೆ ಸಾಕು" ಎಂದು ಅಮ್ಮ ಕದನವಿರಾಮ ಘೋಷಿಸುತ್ತಿದ್ದರು.

ಈ ಗೃಹಯುದ್ಧ ಬೀದಿಗೆ ಬಂದದ್ದು ನಿವಾಸಿಗಳ ಸಂಘದಿಂದ. ಬೀದಿಯ ಮನೆಮನೆಗೂ ಗ್ಯಾಸ್ ಪೈಪು ಎಳೆಸುವುದೋ, ಎಲ್ಲರ ತಾರಸಿಯನ್ನೂ ಕೂಡಿಸಿ ಸೋಲಾರ್ ಹಾಕಿಸುವುದೋ? ಭಾನುವಾರ ಸಂಜೆ ಸಭೆಯಲ್ಲಿ ಚರ್ಚೆ, ಅಲ್ಲೇ ಕೈಯೆತ್ತಿ ತೀರ್ಮಾನ. ಪೈಪಿನ ಪರ ಗಂಡ, ಬಿಸಿಲಿನ ಪರ ಹೆಂಡತಿ! ಮನೆಯೊಳಗೂ ಪಣ ಕಟ್ಟಿಯಾಯಿತು. ಸೋತವರ ಒಲೆ ಮನೆಯಿಂದ ಹೊರಗೆ. ಗ್ಯಾಸ್ ಒಲೆಯೋ, ಅಪ್ಪ ಮೊದಲ ಸಂಬಳದಲ್ಲಿ ತಂದದ್ದು. ಆದ್ದರಿಂದ ಮೂಗುರಾಯನಿಗೆ ಸೋಲುವ ಹಕ್ಕೇ ಇರಲಿಲ್ಲ.

ಭಾಷಣಕ್ಕೆ ಗತ್ತು ಬೇಡವೇ? ಮಹಡಿಯ ಕೋಣೆಯ ಕಬ್ಬಿಣದ ಪೆಟ್ಟಿಗೆಯಿಂದ ಅಪ್ಪನ ಹಳೆಯ ಕೋಟನ್ನು ತೆಗೆದ. ಬೀದಿಬೀದಿ ತಿರುಗಿ ಗ್ಯಾಸಿನ ಬಗ್ಗೆ ಜನಕ್ಕೆ ಬುದ್ಧಿ ಹೇಳುವಾಗ ಅಪ್ಪ ತೊಡುತ್ತಿದ್ದ ಕೋಟು. ಧೂಳು ಹೋಗಲೆಂದು ಕಿಟಕಿಯ ಸರಳಿಗೆ ಫಟಾರನೆ ನಾಲ್ಕು ಸಲ ಬಡಿದ. ತೊಟ್ಟು, ಎದೆಯುಬ್ಬಿಸಿ, ದಿಗ್ವಿಜಯಕ್ಕೆ ಹೊರಟವನಂತೆ ಮೆಟ್ಟಿಲಿಳಿದು ಹಜಾರಕ್ಕೆ ಬಂದು, ಅಪ್ಪ ಕೂರುತ್ತಿದ್ದ ಮರದ ಕುರ್ಚಿಯ ಪಕ್ಕ ನಿಂತು ಶುರುಮಾಡಿದ: "ಮಹನೀಯರೇ! ಮಹಿಳೆಯರೇ!"

ಮುಸ್ಸಂಜೆಯ ಹೊತ್ತು. ದಿನವಿಡೀ ಮೋಡವಿದ್ದುದರಿಂದ ಹೆಂಡತಿಯ ಸೋಲಾರ್ ಬ್ಯಾಟರಿ ಸೊರಗಿ ದೀಪ ಮಂಕಾಗಿತ್ತು. ಒಳಗಿನಿಂದ ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದವರು ಬಾಗಿಲಲ್ಲೇ ನಿಂತರು. ಅವರ ಕಣ್ಣು ಮಗನ ಮೇಲಿರಲಿಲ್ಲ, ಕುರ್ಚಿಯ ಮೇಲಿತ್ತು.

"ಬಂದ್ರಾ?" ಎಂದರು ಮೆಲ್ಲಗೆ.

"ಯಾರಮ್ಮಾ?"

"ನಿಮ್ಮಪ್ಪ ಕಣೋ. ಕೆಲಸದಿಂದ ಬಂದ್ರೆ ಹೀಗೇ ತಾನೆ ವಾಸನೆ ಬರ್ತಿದ್ದದ್ದು?"

ಮೂಗುರಾಯ ಉಸಿರೆಳೆದು ಮೂಸಿ ನೋಡಿದ. ಏನೂ ಇಲ್ಲ! ಅಷ್ಟರಲ್ಲಿ ಹೆಂಡತಿ ಹಿತ್ತಲಿಂದ ಓಡಿಬಂದಳು. "ರೀ! ಗ್ಯಾಸ್ ಸೋರ್ತಿದೆ! ಮನೆ ತುಂಬಾ ವಾಸನೆ!"

"ಯಾವ ವಾಸನೆ? ನನ್ನ ಮೂಗಿಗೆ ತಿಳೀದ ವಾಸನೆ ನಿಂಗೆ ಹೇಗೇ ತಿಳೀತು?"

ಆದರೂ ಸಾಬೂನಿನ ನೊರೆ ತಂದು ರೆಗ್ಯುಲೇಟರಿನಿಂದ ಒಲೆಯವರೆಗೆ ಪೈಪಿಗೆಲ್ಲ ಬಳಿದ. ಸೋರಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. "ನೋಡ್ಕೋ! ಇದೆಲ್ಲ ನಿಮ್ಮ ಸೋಲಾರ್ ಪಕ್ಷದ ಅಪಪ್ರಚಾರ!" ಎಂದು ಕೋಟನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ ಊಟಕ್ಕೆ ಕೂತ. ಬೆಳಗ್ಗೆ ಅದನ್ನು ಜೋಪಾನವಾಗಿ ಮಡಚಿ ಪೆಟ್ಟಿಗೆಗೆ ಸೇರಿಸಿ ಕೆಲಸಕ್ಕೆ ಹೋದ.

ಮರುದಿನ ಮುಸ್ಸಂಜೆ ಮತ್ತೆ ತಾಲೀಮು. ಮತ್ತೆ ವಾಸನೆ! ಹೆಂಡತಿ ಸಿಲಿಂಡರನ್ನು ಉರುಳಿಸಿಕೊಂಡು ಹೋಗಿ ಅಂಗಡಿಗೇ ಒಪ್ಪಿಸಿ ಬಂದಳು. ಇನ್ನು ಮನೆಯಲ್ಲಿ ಸೋರಬಲ್ಲದ್ದು ನಲ್ಲಿಯೊಂದೇ. ಅದರ ಮರುದಿನದ ತಾಲೀಮಿಗೆ?

"ರೀ..." ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಎರಡಾಳೆತ್ತರದ ಏಣಿಯ ಮೇಲೆ ಕೂತು ಹಾಡು ಹೇಳುವ ಹೆಂಗಸು, ಪಿಸುಗುಡುತ್ತಿದ್ದಳು. "ಗ್ಯಾಸೇ ಇಲ್ಲದ ಮನೇಲಿ ಗ್ಯಾಸಿನ ವಾಸನೆ ಎಲ್ಲಿಂದ ಬರುತ್ತೆ? ಮೊದಲು ಮೆಟ್ಟಿಲ ಹತ್ರ ಬಂತು. ಆಮೇಲೆ ಹಜಾರಕ್ಕೆ. ಈಗ ಕುರ್ಚಿ ಹತ್ರ ಇದೆ. ಯಾರೋ ಮಹಡಿಯಿಂದ ಇಳಿದು ಬಂದು ಕೂತ ಹಾಗೆ!"

"ಇಳಿದು ಬಂದವನು ನಾನು ಕಣೇ!"

"ನೀವು ದಿನಾ ಇಳೀತೀರಾ. ದಿನಾ ವಾಸನೆ ಬರ್ತಿತ್ತಾ?"

ಅದು ಅವನ ಮೈಯ ವಾಸನೆಯಂತೂ ಇರಲಾರದು. ಕಾರ್ಖಾನೆಯಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸದೆ ಗೇಟು ದಾಟಿದವನಲ್ಲ ಅವನು. ಅಮ್ಮ ಮಾತ್ರ ಹೆದರಿರಲಿಲ್ಲ. ಹೆರಳು ಹೆಣೆದುಕೊಂಡು, ಒಗೆದ ಸೀರೆಯುಟ್ಟು, ಹಬೆಯಾಡುವ ಒಂದು ಲೋಟ ಟೀಯನ್ನು ಕುರ್ಚಿಯ ಪಕ್ಕದ ಮಣೆಯ ಮೇಲೆ ಇಟ್ಟರು. ಎದುರಿಗೆ ಕೂತು, ಬೀದಿಯಲ್ಲಿ ಯಾರ ಮಗಳಿಗೆ ಮದುವೆ ಗೊತ್ತಾಯಿತು, ಯಾರ ಹಲ್ಲು ಕಿತ್ತರು ಎಂದೆಲ್ಲ ಖಾಲಿ ಕುರ್ಚಿಗೆ ವರದಿ ಒಪ್ಪಿಸಿದರು. ನಡುನಡುವೆ ನಿಲ್ಲಿಸಿ, ಕೇಳಿಸಿಕೊಂಡು, ನಕ್ಕರು.

ಮೂಗುರಾಯನಿಗೆ ನಿಜಕ್ಕೂ ಭಯವಾಯಿತು. ಬಂದವರು ಯಾರೋ ಇದ್ದಾರೆ. ಹೆಂಡತಿಗೆ ಗೊತ್ತು, ಅಮ್ಮನಿಗೆ ಗೊತ್ತು, ಬಾಗಿಲ ತನಕ ಬಂದು ಬಾಲ ಮಡಚಿ ಓಡಿದ ಪಕ್ಕದ ಮನೆಯ ಬೆಕ್ಕಿಗೂ ಗೊತ್ತು. ನಾಡಿನ ಮಹಾ ಮೂಗಿಗೆ ಮಾತ್ರ ಗೊತ್ತಾಗುತ್ತಿಲ್ಲ! ಸ್ವಂತ ಅಪ್ಪ ಮಗನೊಬ್ಬನನ್ನು ಬಿಟ್ಟು ಎಲ್ಲರನ್ನೂ ಮಾತಾಡಿಸಿದ ಹಾಗಿತ್ತು. ಅದನ್ನು ನೆನೆದು ಅವನಿಗೆ ಅಳು ಬಂತು. ಧೈರ್ಯಕ್ಕಿರಲಿ ಎಂದು ಅಪ್ಪನ ಕೋಟನ್ನೇ ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

ಭಾನುವಾರ ಬಂತು. ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಅಲ್ಲಿ ಗ್ಯಾಸ್ ಒಲೆಯಿರಲಿ, ಬೆಂಕಿಕಡ್ಡಿಯೂ ಇಲ್ಲ. ಮುಂದಿನ ಸಾಲಿನಲ್ಲಿ ಅಮ್ಮ, ಅವರ ಪಕ್ಕ ತನ್ನ ಸರದಿಗೆ ಕಾದ ಹೆಂಡತಿ. ಮೂಗುರಾಯ ಕೋಟಿನ ಗುಂಡಿ ಹಾಕಿಕೊಂಡು ವೇದಿಕೆಯೇರಿದ. ನೆತ್ತಿಯ ಮೇಲೆ ದೊಡ್ಡ ಫ್ಯಾನು ಗಿರ್ರನೆ ತಿರುಗುತ್ತಿತ್ತು.

"ಮಹನೀಯರೇ! ಮಹಿಳೆಯರೇ! ನಮ್ಮ ನೆಲದ ಗ್ಯಾಸು ನಮ್ಮ ಹಕ್ಕು! ಅದರಿಂದ ನಮ್ಮವರಿಗೆ ಕೆಲಸ! ಅದಕ್ಕೆ ಮೋಡದ ಹಂಗಿಲ್ಲ! ಇನ್ನು ಅಪಾಯದ ಮಾತು. ಸೋರಿದರೆ ತಕ್ಷಣ ತಿಳಿಯಲೆಂದೇ ನನ್ನಂಥವರು..."

ಮುಂದಿನ ಸಾಲಿನ ದರ್ಜಿ ಮೂಗು ಮುಚ್ಚಿಕೊಂಡ. ಎರಡನೆಯ ಸಾಲಿನ ದಂತವೈದ್ಯೆ ಎದ್ದು ನಿಂತರು. ಯಾರೋ "ಗ್ಯಾಸ್!" ಎಂದು ಕೂಗಿದ್ದೇ ತಡ, ಕುರ್ಚಿಗಳು ದಡದಡ ಉರುಳಿ, ಸಭೆಗೆ ಸಭೆಯೇ ಬಾಗಿಲಿಂದ, ಕಿಟಕಿಯಿಂದ, ದಾರಿ ಸಿಕ್ಕಲ್ಲಿಂದ ಬೀದಿಗೆ ಬಿತ್ತು. ಸಂಘದ ಕಾರ್ಯದರ್ಶಿ ಮೈಕು ಹಿಡಿದುಕೊಂಡೇ ಓಡಿದ. ವಯರು ಕಿತ್ತುಬಂತು.

ಒಳಗೆ ಉಳಿದದ್ದು ಖಾಲಿ ಕುರ್ಚಿಗಳು, ತಿರುಗುವ ಫ್ಯಾನು. ಮುಂದಿನ ಸಾಲಿನಲ್ಲಿ ಅಮ್ಮ ಒಬ್ಬರೇ ಕೂತಿದ್ದರು. ಮಗನನ್ನಲ್ಲ, ಅವನ ಭುಜದ ಪಕ್ಕದ ಜಾಗವನ್ನು ನೋಡಿ ನಗುತ್ತಿದ್ದರು. ಮೂಗುರಾಯ ಕತ್ತು ತಿರುಗಿಸಿ ನೋಡಲಿಲ್ಲ. ತಿರುಗಿಸಲು ಕತ್ತು ಒಪ್ಪಲಿಲ್ಲ.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮರಳಿ ಬಂದಳು. ಮೂಸುತ್ತ ಮೂಸುತ್ತ ಕುರ್ಚಿ ದಾಟಿದಳು, ವೇದಿಕೆ ಹತ್ತಿದಳು, ನೇರ ಅವನ ಎದೆಗೇ ಬಂದು ನಿಂತಳು. ಕೋಟಿನ ಜೇಬಿಗೆ ಕೈ ಹಾಕಿದರೆ ಜೇಬಿಗೆ ತೂತು. ತೂತಿನೊಳಗಿಂದ ಕೈ ಅಸ್ತರಿಗೆ ಇಳಿಯಿತು. ಅಲ್ಲಿಂದ ಹೊರಬಂದದ್ದು ಕಿರುಬೆರಳುದ್ದದ ಒಂದು ಗಾಜಿನ ಶೀಷೆ, ಅದರ ರಬ್ಬರ್ ಬಿರಡೆ ಬಿರುಕುಬಿಟ್ಟಿತ್ತು. "ಈ ವಾಸನೆ ಬಂದ್ರೆ ಓಡಿ" ಎಂದು ಜನಕ್ಕೆ ಮೂಸಿಸಿ ಕಲಿಸಲು ಅಪ್ಪ ಇಟ್ಟುಕೊಂಡಿದ್ದ ಮಾದರಿ! ಅಂದು ಸರಳಿಗೆ ಬಡಿದ ರಭಸಕ್ಕೆ ಬಾಯಿಬಿಟ್ಟಿತ್ತು. ದಿನವೆಲ್ಲ ಅದೇ ವಾಸನೆಯಲ್ಲಿ ಮುಳುಗೇಳುವ ಮೂಗುರಾಯನ ಮೂಗು ಅದರ ಪಾಲಿಗೆ ಎಂದೋ ಸತ್ತೇಹೋಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಇವನು ಕೂಸಿನ ಜೊತೆ ಭಾಷಣವನ್ನೂ ಮಾಡಿದ್ದ.

"ಸೋರಿದ್ದು ಸಿಲಿಂಡರಲ್ಲ ರೀ. ನೀವು!"

ಬೀದಿಯಲ್ಲೇ ನಿಂತು ಜನ ಸೋಲಾರಿಗೆ ಒಮ್ಮತದಿಂದ ಕೈಯೆತ್ತಿದರು. ಗೆದ್ದ ಹೆಂಡತಿ ಮಾತ್ರ ಮೂರು ದಿನ ಸಿಡಿಮಿಡಿಗುಟ್ಟಿದಳು. "ಅಷ್ಟು ಚೆಂದದ ಭಾಷಣ ಬಾಯಿಪಾಠ ಮಾಡಿದ್ದೆ. ಒಂದು ಮಾತೂ ಆಡದೆ ಗೆಲ್ಲಿಸಿಬಿಟ್ರಲ್ಲ!"

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಮೇಲಧಿಕಾರಿ ಶೀಷೆಯನ್ನೂ ಕೋಟನ್ನೂ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಸಿ ತರಿಸಿಕೊಂಡು, ಮೂಗಿಗೆ ವಿಶ್ರಾಂತಿ ಬೇಕೆಂದು ಮೂಗುರಾಯನಿಗೆ ರಜೆ ಕೊಟ್ಟು ಕಳಿಸಿದರು. ಅಪ್ಪನ ಒಲೆ ಗುಜರಿಗೆ ಹೋಯಿತು. ಹೆಂಡತಿ ಕುರ್ಚಿಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ ಒಳಗಿಟ್ಟಳು. ಅಮ್ಮ ಹೆರಳು ಹೆಣೆದುಕೊಳ್ಳುವುದನ್ನು ಬಿಟ್ಟರು, ಅಷ್ಟೆ. ಟೀ ಲೋಟ ಮತ್ತೆ ಮೂರಕ್ಕೇ ಇಳಿಯಿತು. ಅದನ್ನು ನೋಡಿದಾಗಲೆಲ್ಲ ಮೂಗುರಾಯನಿಗೆ ತಾನೇ ಅಪ್ಪನನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಂತೆ ಸಂಕಟವಾಗುತ್ತಿತ್ತು.

ರಜೆಯಲ್ಲಿ ಮೂಗು ಮೆಲ್ಲಗೆ ಎಚ್ಚರಗೊಂಡಿತು. ಮೊದಲು ಸಾಬೂನು ತಿಳಿಯಿತು, ಆಮೇಲೆ ಒಗೆದ ಬಟ್ಟೆ, ಆಮೇಲೆ ಅಮ್ಮನ ತಲೆಯೆಣ್ಣೆ. ಒಂದು ಮುಸ್ಸಂಜೆ ಅವನು ಅಪ್ಪನ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ದೀಪ ಮಂಕಾಗಿತ್ತು. ಮಹಡಿಯ ಮೆಟ್ಟಿಲ ಕಡೆಯಿಂದ ಏನೋ ಬಂತು. ಸಣ್ಣಗೆ. ಕೊಳೆತ ಮೊಟ್ಟೆ, ಹಳಸಿದ ಬೆಳ್ಳುಳ್ಳಿ. ಹಜಾರ ದಾಟಿತು. ಕುರ್ಚಿಯ ಹತ್ತಿರ ಬಂದು ನಿಂತಿತು.

"ಲೇ! ಗ್ಯಾಸ್! ಗ್ಯಾಸ್ ವಾಸನೆ!" ಎಂದು ಕೂಗಿದ.

ಹೆಂಡತಿ ಬಂದು ಮೂಸಿ ನೋಡಿದಳು. ಮೆಟ್ಟಿಲ ಹತ್ತಿರ ಹೋಗಿ ಮೂಸಿದಳು. "ಏನೂ ಇಲ್ವಲ್ಲ ರೀ. ಮನೇಲಿ ಒಲೆ ಇಲ್ಲ, ಸಿಲಿಂಡರ್ ಇಲ್ಲ, ಆ ಕೋಟೂ ಇಲ್ಲ" ಎಂದವಳು, ಅವನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಅಮ್ಮ ಒಳಗಿನಿಂದ ಬಂದರು. ಹೆರಳು ಹೆಣೆದಿತ್ತು. ಕೈಯಲ್ಲಿ ಹಬೆಯಾಡುವ ಟೀ ಲೋಟವಿತ್ತು.

"ಮೂಗು ಮೂಗು ಅಂತ ಊರೆಲ್ಲ ಕುಣಿದೆ. ಎಲ್ಲರಿಗಿಂತ ಕೊನೆಗೆ ಗೊತ್ತಾಗಿದ್ದು ನಿನಗೇ ನೋಡು" ಎಂದರು. "ಏಳೋ ಮೇಲೆ! ನಿಮ್ಮಪ್ಪ ಎಷ್ಟು ಹೊತ್ತು ಅಂತ ನಿಂತಿರ್ತಾರೆ?"

ಮೂಗುರಾಯ ಎದ್ದು ಕುರ್ಚಿ ಬಿಟ್ಟ.