ಅಜ್ಜಿಯ ಅರ್ಜಿ

ಬೇರೆಯವರ ಬಾಳಿನಲ್ಲಿ ತಮಾಷೆಯ ಪ್ರಸಂಗಗಳು ಅವರು ಏನನ್ನಾದರೂ ಮಾಡಲು ಹೊರಟಾಗ ನಡೆಯುತ್ತವೆ. ನನ್ನ ಬಾಳಿನಲ್ಲಿ ಮಾತ್ರ ಮಾಡಬೇಕಾದ್ದನ್ನು ಮಾಡದೆ ಕೂತಾಗಲೆಲ್ಲ ನಡೆದಿವೆ. ಹಾಗಾಗಿ ನನ್ನ ಹತ್ತಿರ ಇಂಥವು ಬೇಕಾದಷ್ಟಿವೆ. ಅವುಗಳಲ್ಲಿ ಒಂದೇ ಒಂದು ಅರ್ಜಿಗೆ ಸೇರಿದವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಆಗ ನಾನು ಮಲಯಾಳ ಸೀಮೆಯ ಗಡಿಯೂರಾದ ಬಾವಲಿಯ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರು. ಊರಿನವರ ಬಾಯಲ್ಲಿ ಮಾಷ್. ಹುಟ್ಟಿದ್ದು, ಓದಿದ್ದು ಮೈಸೂರು ಸೀಮೆಯಲ್ಲಿ, ಕನ್ನಡದಲ್ಲಿ. ಶಾಲೆ ಮಲಯಾಳದ್ದು. ಆದರೆ ಕಾಡಂಚಿನ ಮಕ್ಕಳ ಮನೆಮಾತು ಕನ್ನಡವಾದ್ದರಿಂದ, ಅವರಿಗೆ ಅರ್ಥವಾಗುವ ಹಾಗೆ ಲೆಕ್ಕ ಹೇಳಿಕೊಡಲು ಶಾಲೆ ನಡೆಸುವ ಮ್ಯಾನೇಜರು ನನ್ನನ್ನು ಇಟ್ಟುಕೊಂಡಿದ್ದರು. ಮಲಯಾಳವನ್ನು ನಾನು ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಬರೆಯುವುದನ್ನು ಮಾತ್ರ ಆದಷ್ಟು ತಪ್ಪಿಸಿಕೊಳ್ಳುತ್ತಿದ್ದೆ. ಅದಕ್ಕೆ ಕಾರಣವಿತ್ತು.

೧. ಮಡಿ

ಕೆಲಸಕ್ಕೆ ಸೇರಿದ ಮೊದಲ ವರ್ಷ. ಮರುದಿನ ನಮ್ಮಪ್ಪನ ತಿಥಿ. ಸ್ನಾನ ಮಾಡಿ, ಮಡಿ ಉಟ್ಟು, ಮಧ್ಯಾಹ್ನದವರೆಗೆ ಯಾರನ್ನೂ ಮುಟ್ಟದೆ ಇರಬೇಕು. ಒಂದು ದಿನದ ರಜೆಗೆ ಹೆಡ್‌ಮಾಷ್‌ಗೆ ಮಲಯಾಳದಲ್ಲೇ ಅರ್ಜಿ ಬರೆದೆ. ಅದು ನನ್ನ ಮೊದಲ ಮಲಯಾಳ ಬರವಣಿಗೆ. ಚುಟುಕಾಗಿರಲಿ ಎಂದು ತಿಥಿಯ ವಿಷಯ ಎತ್ತಲಿಲ್ಲ. ‘ನಾಳೆ ಎನಿಕ್ಕು ಮಡಿಯಾಣ್’, ಅಂದರೆ ನಾಳೆ ನನಗೆ ಮಡಿ, ಆದ್ದರಿಂದ ಶಾಲೆಗೆ ಬರಲಾಗುವುದಿಲ್ಲ ಎಂದಷ್ಟೇ ಬರೆದು ಸಹಿ ಹಾಕಿದೆ.

ಮಲಯಾಳದಲ್ಲಿ ಮಡಿ ಎಂದರೆ ಸೋಮಾರಿತನ ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೆಡ್‌ಮಾಷ್ ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ಬಂದು ನನ್ನ ಕೈ ಕುಲುಕಿದರು.

“ಮಾಷೆ, ನನ್ನ ಸರ್ವಿಸಿನಲ್ಲಿ ಎಷ್ಟೋ ರಜೆ ಅರ್ಜಿ ನೋಡಿದ್ದೇನೆ. ಜ್ವರ, ಹೊಟ್ಟೆನೋವು. ಒಬ್ಬರದೇ ಮಾವ ಮೂರು ಸಲ ಸತ್ತದ್ದೂ ಉಂಟು. ಇದ್ದದ್ದನ್ನು ಇದ್ದ ಹಾಗೆ ಬರೆದವರು ನೀವೊಬ್ಬರೇ. ಹೋಗಿ, ಚೆನ್ನಾಗಿ ಮಲಗಿ ಬನ್ನಿ.”

೨. ಬಹುಮಾನ

ಈ ಸುದ್ದಿ ಚೆಕ್‌ಪೋಸ್ಟಿನವರೆಗೂ ಹೋಯಿತು. ಚಾಯದಂಗಡಿಯಲ್ಲಿ ನನ್ನನ್ನು ಕಂಡವರೆಲ್ಲ “ಇವತ್ತು ಮಡಿ ಇಲ್ಲವಾ ಮಾಷೆ?” ಎಂದು ಕೇಳುವವರೇ. ಅಂದಿನಿಂದ ಮಲಯಾಳದಲ್ಲಿ ಒಂದು ಸಾಲು ಬರೆಯುವುದೆಂದರೂ ನನಗೆ ಪ್ರಾಣಸಂಕಟ. ಇಂಥ ನನ್ನನ್ನೇ ಹುಡುಕಿಕೊಂಡು ಊರಿನ ಅಜ್ಜಿಯೊಬ್ಬರು ಬಂದರು.

ಅಜ್ಜಿಯ ಗುಡಿಸಲು ಶಾಲೆಯಿಂದ ಕೂಗಳತೆಯಲ್ಲಿತ್ತು. ಅವರ ಹಿರಿಯರು ಕಾಗದಪತ್ರ ಎಂಬುದು ಹುಟ್ಟುವ ಮೊದಲೇ ಆ ಕಾಡಂಚಿನಲ್ಲಿದ್ದವರು. ಸುತ್ತ ಅರ್ಧ ಎಕರೆ ಜಾಗ, ಒಂದು ಹಲಸಿನ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒಂದಿಷ್ಟು ಶುಂಠಿ. ಅದು ಎಲ್ಲರ ಬಾಯಲ್ಲೂ ಭೂಮಿಯ ಮಾತೇ ಇದ್ದ ಕಾಲ. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರ ಜೀಪು. ಇದರ ನಡುವೆ ಸರ್ಕಾರದವರು, ಇರುವ ಜಾಗಕ್ಕೆ ಪಟ್ಟೆ, ಅಂದರೆ ಹಕ್ಕುಪತ್ರ, ಬೇಕಾದವರು ಇಂಥ ದಿನದೊಳಗೆ ಅರ್ಜಿ ಹಾಕಿ ಎಂದು ಸಾರಿದ್ದರು. ಅಜ್ಜಿಯ ಪಕ್ಕದ ಎಸ್ಟೇಟಿನವರೂ ಆ ಸುದ್ದಿ ಕೇಳಿ, ಅಜ್ಜಿಯ ಹಿತ್ತಲಿನ ಅಂಚಿಗೆ ಬೇಲಿಯ ಗೂಟಗಳನ್ನು ತಂದು ರಾಶಿ ಹಾಕಿದ್ದರು. ಅರ್ಜಿ ಹೋಗದಿದ್ದರೆ ಗೂಟ ಎಲ್ಲಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ನೀವು ನಮ್ಮ ಮಾತ್ನೋರು. ನೀವೇ ಒಂದ್ ಅರ್ಜಿ ಕಡಲಾಸು ಬರ್ದುಕೊಡಿ ಮಾಷೆ” ಎಂದರು ಅಜ್ಜಿ.

ಇಲ್ಲ ಎನ್ನಲು ನಾಚಿಕೆ, ಹೂಂ ಎನ್ನಲು ಹೆದರಿಕೆ. ಹೂಂ ಎಂದೆ. ಅಜ್ಜಿಯ ಎದುರಿಗೇ ಹಾಳೆ ತೆಗೆದು ‘ಬಹುಮಾನಪ್ಪೆಟ್ಟ ತಹಸೀಲ್ದಾರ್ ಅವರ್‌ಕಳ್’ ಎಂದು ಬರೆದು ಜೋರಾಗಿ ಓದಿದೆ. ಮಾನ್ಯ ತಹಸೀಲ್ದಾರರಿಗೆ ಎನ್ನಲು ಅಲ್ಲಿ ಹಾಗೇ ಬರೆಯುವುದು. ಎರಡನೆಯ ಸಾಲಿಗೆ ಪೆನ್ನು ಏಳಲಿಲ್ಲ. ಇದರಲ್ಲಿ ಯಾವ ಮಡಿ ಅಡಗಿದೆಯೋ ಎಂದು ಹಾಳೆಯನ್ನೇ ನೋಡುತ್ತ ಕೂತೆ.

ಅಜ್ಜಿ ಹೇಳಿದರು: “ಜಾಗ ಕೊಡೋಕ್ ಮುಂಚೇನೆ ಬಹುಮಾನ ಕೊಟ್ಬುಟ್ರಾ ಮಾಷೆ? ಅವ್ರು ಕೊಟ್ಮೇಲೆ ಕೊಟ್ಟಿದ್ರೆ ಸಾಕಿತ್ತು.”

೩. ಚುರುಕು

ಮುಂದಿನ ಕೆಲವು ತಿಂಗಳು ನಾನು ಮೈಮುರಿದು ದುಡಿದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಅರ್ಜಿ ಬರೆಯಬೇಕು ಎಂದು ಮೇಜಿನ ಮುಂದೆ ಕೂತೊಡನೆ ಮೇಜು ಗಲೀಜಾಗಿರುವುದು ಕಾಣಿಸುತ್ತಿತ್ತು. ಮೇಜು ಒರೆಸಿದರೆ ಕಿಟಕಿ ಕಾಣಿಸುತ್ತಿತ್ತು. ಆ ತಿಂಗಳುಗಳಲ್ಲಿ ಶಾಲೆಯ ಒಡೆದ ಹೆಂಚುಗಳನ್ನೆಲ್ಲ ಬದಲಾಯಿಸಿದೆ, ಕಪಾಟಿನ ಪುಸ್ತಕಗಳಿಗೆ ರಟ್ಟು ಹಾಕಿದೆ, ಬಾವಿಗೆ ಹೊಸ ಹಗ್ಗ ತಂದೆ, ಏಳು ಸಾಲು ಬದನೆ ಸಸಿ ನೆಟ್ಟೆ. ಒಂದೊಂದು ಕೆಲಸ ಮುಗಿದಾಗಲೂ ಮನಸ್ಸಿಗೆ ಹಿತವಾಗುತ್ತಿತ್ತು. ಆ ಹಿತ ಶಾಲೆಯ ಬೇಲಿ ದಾಟಿ ಅಜ್ಜಿಯ ಹಲಸಿನ ಮರ ಕಾಣುವವರೆಗೆ ಇರುತ್ತಿತ್ತು.

ಶಾಲೆಯ ಸಭೆಯಲ್ಲಿ ಮ್ಯಾನೇಜರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಂಥ ಚುರುಕು ಮನುಷ್ಯನನ್ನು ಈ ಕಡೆ ಯಾರೂ ನೋಡಿಲ್ಲ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅಜ್ಜಿ ಎದ್ದು ನಿಂತರು.

“ದಿಟ ಸಾರ್. ನನ್ ಅರ್ಜಿ ಒಂದ್ ಬುಟ್ಟು ಇಡೀ ಬಾವಲಿ ಕೆಲ್ಸ ಮಾಡವ್ರೆ.”

೪. ಶಪಥ

ಆ ಮಾತು ನಾಟಿತು. ಅಂದೇ ಅಜ್ಜಿಯ ಮುಂದೆ ಶಪಥ ಮಾಡಿದೆ, ಅರ್ಜಿ ಬರೆಯುವವರೆಗೂ ಚಾಯ ಕುಡಿಯುವುದಿಲ್ಲ ಎಂದು. ಮರುದಿನ ಹತ್ತು ಗಂಟೆಗೆಲ್ಲ ತಲೆ ಸಿಡಿಯತೊಡಗಿತು. ತಲೆನೋವಿನಲ್ಲಿ ಅರ್ಜಿ ಬರೆಯುವುದು ಹೇಗೆ? ಅರ್ಜಿ ಬರೆಯದೆ ಚಾಯ ಕುಡಿಯುವುದು ಹೇಗೆ? ಹೀಗೆ ಎರಡು ದಿನ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತೆ.

ಮೂರನೆಯ ದಿನ ಅಜ್ಜಿ ಒಂದು ಲೋಟ ಕರಿಕಾಪಿ ತಂದು ಮುಂದಿಟ್ಟರು. “ಬುಟ್ಟಿರೋದು ಚಾಯ ತಾನೆ? ಇದು ಕಾಪಿ. ಕುಡ್ದು ಬರೀರಿ.”

ಕುಡಿದೆ. ತಲೆನೋವು ಹೋಯಿತು. ಅದರ ಜೊತೆಗೆ ಅರ್ಜಿಯ ಅವಸರವೂ ಹೋಯಿತು.

೫. ಸುತ್ತುದಾರಿ

ಆಮೇಲೆ ಅಜ್ಜಿಯ ಮುಖ ನೋಡುವುದೇ ಕಷ್ಟವಾಯಿತು. ಅವರು ಬೈಯುತ್ತಿರಲಿಲ್ಲ. “ಬರ್ದ್ರಾ?” ಎಂದು ಕೇಳುತ್ತಿದ್ದರು, ಅಷ್ಟೆ. ಬೈದಿದ್ದರೆ ನಾನೂ ಏನಾದರೂ ಅಂದು ಕೋಪಿಸಿಕೊಂಡು ಹಗುರವಾಗಬಹುದಿತ್ತು. ದಿನ ಕಳೆದ ಹಾಗೆ ಅರ್ಜಿಗಿಂತ ‘ಇಷ್ಟು ದಿನ ಯಾಕೆ ಬರೆಯಲಿಲ್ಲ’ ಎಂಬುದೇ ದೊಡ್ಡ ಕೆಲಸವಾಗಿ ನನ್ನ ಮುಂದೆ ಕೂತಿತು. ಅವರ ಮನೆಯ ಮುಂದಿನ ದಾರಿ ಬಿಟ್ಟು, ಕಾಡಿನೊಳಗಿಂದ ಒಂದು ಮೈಲಿ ಸುತ್ತಿ ಶಾಲೆಗೆ ಹೋಗತೊಡಗಿದೆ.

ನಕ್ಸಲರ ಕಾಲದಲ್ಲಿ ಮೇಷ್ಟ್ರೊಬ್ಬರು ದಿನಾ ಎರಡು ಹೊತ್ತು ಒಬ್ಬರೇ ಕಾಡಿಗೆ ನುಗ್ಗಿ ಹೊರಬಂದರೆ ಪೊಲೀಸರು ಸುಮ್ಮನಿರುತ್ತಾರೆಯೇ? ಒಂದು ಬೆಳಿಗ್ಗೆ ಎಸ್.ಐ. ಇಬ್ಬರು ಪೇದೆಗಳೊಂದಿಗೆ ನನ್ನ ಕೋಣೆಗೆ ಬಂದರು. ಪೆಟ್ಟಿಗೆ ತೆರೆದರು. ಒಳಗೆ ಹತ್ತೊಂಬತ್ತು ಹಾಳೆಗಳು. ಎಲ್ಲದರ ಮೇಲೂ ‘ಬಹುಮಾನಪ್ಪೆಟ್ಟ ತಹಸೀಲ್ದಾರ್ ಅವರ್‌ಕಳ್’. ಕೆಳಗೆ ಖಾಲಿ.

“ಹತ್ತೊಂಬತ್ತು ಸಲ ತಹಸೀಲ್ದಾರರನ್ನು ಕರೆದಿದ್ದೀರಿ. ಕರೆದು ಏನೂ ಹೇಳಿಲ್ಲ. ಏನಿದು, ಬೆದರಿಕೆಯಾ?” ಎಂದರು ಎಸ್.ಐ.

ನಿಂಬೆರಸದಲ್ಲಿ ಬರೆದರೆ ಬೆಂಕಿಗೆ ಹಿಡಿದಾಗ ಮಾತ್ರ ಅಕ್ಷರ ಕಾಣುತ್ತದೆಂದು ಒಬ್ಬ ಪೇದೆ ಎಲ್ಲೋ ಕೇಳಿದ್ದ. ನನ್ನ ಒಲೆಯನ್ನೇ ಹೊತ್ತಿಸಿ ಒಂದೊಂದೇ ಹಾಳೆ ಹಿಡಿದರು. ಎರಡು ಹಾಳೆ ಸುಟ್ಟುಹೋದವು. ಉಳಿದವು ಕಂದಿದವು. ಅಕ್ಷರ ಬರಲಿಲ್ಲ. ಅಷ್ಟು ಸುಲಭದಲ್ಲಿ ಬರುವ ಹಾಗಿದ್ದರೆ ನಾನೇ ಒಲೆ ಹೊತ್ತಿಸುತ್ತಿರಲಿಲ್ಲವೇ?

ಇದು ಒಬ್ಬ ಅಜ್ಜಿಗಾಗಿ ಬರೆಯಬೇಕಾದ ಅರ್ಜಿ, ಬರೆಯಲಾಗದೆ ಅವರಿಗೆ ಹೆದರಿ ಕಾಡಿನ ದಾರಿ ಹಿಡಿದೆ ಎಂದು ನಿಜ ಹೇಳಿದೆ. ಎಸ್.ಐ. ನಂಬಲಿಲ್ಲ. ಅಜ್ಜಿಯನ್ನು ಕರೆಸಿದರು. ಅಜ್ಜಿ ಬಾಗಿಲಲ್ಲಿ ಕಾಣಿಸಿದೊಡನೆ ನಾನು, ನನಗೇ ಅರಿವಿಲ್ಲದೆ, ಪೇದೆಯ ಬೆನ್ನಿನ ಹಿಂದೆ ಸರಿದೆ. ಅರ್ಧ ಅನುಮಾನ ಅಲ್ಲೇ ಹೋಯಿತು.

“ಈ ಮಾಷ್ ಕಾಡಿನ ಕ್ರಾಂತಿಯವರ ಜೊತೆ ಇದ್ದಾರಾ?” ಎಂದು ಅಜ್ಜಿಯನ್ನು ಕೇಳಿದರು.

ಅಜ್ಜಿ ನನ್ನನ್ನೂ ಕಂದಿದ ಹಾಳೆಗಳನ್ನೂ ನೋಡಿದರು. “ಕ್ರಾಂತಿ ಮಾಡೋದ್ನ ಇವ್ರ ಕೈಗೆ ಕೊಟ್ಟಿದ್ರೆ ನೀವು ಪೋಲೀಸ್ನೋರು ನಿಶ್ಚಿಂತೆಯಾಗ್ ಮನಿಕ್ಕಳಿ ಸಾರ್.”

೬. ಕಾರಣ

ಹಾಳೆಗಳನ್ನು ಪೊಲೀಸರು ತೆಗೆದುಕೊಂಡು ಹೋದದ್ದು ನನಗೆ ಒಳ್ಳೆಯದೇ ಆಯಿತು. ಅವು ವಾಪಸು ಬರಲಿ ಎಂದು ಎರಡು ವಾರ ತಳ್ಳಿದೆ. ಹಾಗೆ ತಳ್ಳುತ್ತಿರುವಾಗಲೇ ಕೊನೆಯ ದಿನ ಬಂದು, ಹೋಯಿತು. ಆ ದಿನ ಶಾಲೆಯ ಗಡಿಯಾರ ಬಿಚ್ಚಿ ಎಣ್ಣೆ ಹಾಕುತ್ತಿದ್ದೆ. ದಿನ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಎಸ್ಟೇಟಿನ ಆಳುಗಳು ಅಜ್ಜಿಯ ಶುಂಠಿ ಪಾತಿಯ ನಡುವೆ ಗೂಟಕ್ಕೆ ಗುಂಡಿ ತೋಡುತ್ತಿದ್ದರು. ನನ್ನನ್ನು ನೋಡಿ ನಾಲ್ಕು ಜನ ನಗಬಾರದು ಎಂದು ಒಬ್ಬರ ಮನೆ ಕಳೆಯುತ್ತಿದ್ದೇನೆ ಎಂಬುದು ಅಲ್ಲಿಯವರೆಗೆ ಅಷ್ಟು ನೇರವಾಗಿ ಹೊಳೆದಿರಲಿಲ್ಲ. ಅಜ್ಜಿ ಕೊಡೆ ಹಿಡಿದು ನನ್ನ ಬಾಗಿಲಿಗೆ ಬಂದರು.

“ಅಜ್ಜಿ, ನಿನ್ನೆಗೇ ಮುಗಿಯಿತು” ಎಂದೆ.

“ಗೊತ್ತು. ಕೂತ್ಕೊ. ಬರಿ.” ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಬರೆದೆ. ಇನ್ನು ಕೆಡಿಸಲು ಏನೂ ಉಳಿದಿಲ್ಲ ಅನ್ನಿಸಿತೋ ಏನೋ, ಪೆನ್ನು ತಾನಾಗಿ ಓಡಿತು. ಅಜ್ಜಿ ಹೇಳುತ್ತ ಹೋದರು, ನಾನು ಮಲಯಾಳಕ್ಕೆ ತಿರುಗಿಸುತ್ತ ಹೋದೆ. ತಪ್ಪುಗಳಿದ್ದವು. ಇರಲಿ ಎಂದೆ. ಒಟ್ಟು ಹನ್ನೊಂದು ಸಾಲು, ಕಾಲು ಗಂಟೆ. ಅಷ್ಟು ತಿಂಗಳು ನನ್ನನ್ನು ಕಾಡು ಹತ್ತಿಸಿದ್ದು ಈ ಕಾಲು ಗಂಟೆಯ ಕೆಲಸ. ಸಿಕ್ಕ ಬಸ್ಸು ಹತ್ತಿ ತಾಲೂಕು ಕಚೇರಿಗೆ ಹೋದೆವು.

ಗುಮಾಸ್ತರು ಅರ್ಜಿ ಓದಿದರು. ನಗಲಿಲ್ಲ. “ತಾರೀಕು ನಿನ್ನೆಗೇ ಮುಗಿಯಿತಲ್ಲ” ಎಂದರು.

“ನಾನಿನ್ನೂ ಮುಗ್ದಿಲ್ವಲ್ಲ ಸಾರ್” ಎಂದರು ಅಜ್ಜಿ.

ಗುಮಾಸ್ತರು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದರು. ತಕ್ಕ ಕಾರಣವಿದ್ದರೆ ತೆಗೆದುಕೊಳ್ಳಬಹುದಂತೆ. ಅರ್ಜಿಯ ನಂಬರು ಬಿದ್ದರೆ ವಿಚಾರಣೆ ಮುಗಿಯುವವರೆಗೆ ಯಾರೂ ಅಲ್ಲಿ ಗೂಟ ಊರುವ ಹಾಗಿಲ್ಲವಂತೆ. ಅವರು ಒಂದು ಫಾರಂ ಎಳೆದುಕೊಂಡು ‘ತಡವಾದದ್ದಕ್ಕೆ ಕಾರಣ’ ಎಂಬ ಅಂಕಣದ ಮೇಲೆ ಪೆನ್ನಿಟ್ಟರು.

“ಜ್ವರವಾ?”

“ಇಲ್ಲ” ಎಂದರು ಅಜ್ಜಿ.

“ಮನೆಯಲ್ಲಿ ಸಾವುನೋವು?”

“ಇಲ್ಲ.”

“ಹೊಳೆ ಬಂದು ದಾರಿ ಕಟ್ಟಿತ್ತಾ?”

ಗುಮಾಸ್ತರು ದಾರಿ ತೋರಿಸುತ್ತಿದ್ದಾರೆ ಎಂದು ತಿಳಿದು ನಾನು “ಹೌದು ಸಾರ್, ಹೊಳೆ” ಎಂದು ಬಾಯಿ ತೆರೆದೆ. ಅಜ್ಜಿ ಕೊಡೆಯ ತುದಿಯಿಂದ ನನ್ನ ಪಾದ ಒತ್ತಿದರು.

“ಸುಳ್ಳು ಬರೀಬ್ಯಾಡಿ ಸಾರ್. ಕಾರಣಾನ ಜೊತೇಲೇ ಕರ್ಕೊಂಡ್ ಬಂದಿವ್ನಿ” ಎಂದು ನನ್ನತ್ತ ಕೈ ತೋರಿಸಿದರು.

ಗುಮಾಸ್ತರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆ ಅಂಕಣದಲ್ಲಿ ‘ಮಾಷ್’ ಎಂದು ಒಂದೇ ಪದ ಬರೆದರು. ಮೊಹರು ಒತ್ತಿದರು, ನಂಬರು ಹಾಕಿದರು. ಕೊನೆಗೆ ಫಾರಮ್ಮನ್ನು ನನ್ನ ಕಡೆ ತಿರುಗಿಸಿ, “ಕಾರಣ ಇಲ್ಲಿ ಒಂದು ರುಜು ಹಾಕಲಿ” ಎಂದರು.

ನಾನು ಜೇಬು ತಡಕಿ ನೋಡಿದೆ. ಪೆನ್ನು ಮನೆಯಲ್ಲೇ ಉಳಿದಿತ್ತು. ಅಜ್ಜಿ ಗುಮಾಸ್ತರ ಕೈಯಿಂದ ಪೆನ್ನು ಕಿತ್ತು ನನ್ನ ಬೆರಳ ನಡುವೆ ತುರುಕಿದರು.

“ಇಲ್ಲೇ ಹಾಕುಸ್ಕೊಂಬುಡಿ ಸಾರ್. ಮನೆಗ್ ತಕ್ಕೊಂಡೋಗಿ ಹಾಕ್ಕೊಂಡ್ ಬತ್ತೀನಿ ಅಂದ್ಬುಟ್ಟಾರು.”